ಒಂದು ಸಾಲು ಟೈಪ್ ಮಾಡೋಕೆ ನಮಗೇನು ರೋಗ?

ತಪ್ಪು ನನ್ನದು. ಅದನ್ನ ಮೊದಲೇ ಒಪ್ಕೊಂಡುಬಿಡ್ತೀನಿ.

ನಮ್ಮ ಚಿಕ್ಕಮ್ಮ ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಹತ್ತು ವರ್ಷಗಳಿಂದ ಪಾಠಕ್ಕೆಂದು ಅಲ್ಲಾಡೋ ಚಿತ್ರಗಳನ್ನು ಮಾಡ್ಕೊಂಡು ಬಂದಿದ್ದಾರೆ. ಹೃದಯದ ಕವಾಟ ತೆರೆದು ಮುಚ್ಚೋದು, ಚಂದ್ರನ ನೆರಳು ಭೂಮಿ ಮೇಲೆ ಹಾಯೋದು, ಪಿಸ್ಟನ್ ಮೇಲೆ ಕೆಳಗೆ ಆಡೋದು. ಎಲ್ಲವೂ ಜಿಫ್ ಕಡತಗಳು, ಎಲ್ಲದರಲ್ಲೂ ಭಾಗಗಳ ಹೆಸರು ಕನ್ನಡದಲ್ಲಿ. ಒಟ್ಟು 43. ಮಕ್ಕಳ ಫೋನಿಗೆ ಕಳಿಸಿದರೆ ಚಿತ್ರ ಅಲ್ಲಾಡದೆ ಕಲ್ಲಾಗಿ ನಿಲ್ತಿತ್ತು. ವಿಡಿಯೋ ಮಾಡೋದು ಹೇಗೆ ಅಂತ ನನ್ನ ಕೇಳಿದರು. ಕಂಪ್ಯೂಟರ್ ಕೆಲಸದಲ್ಲೇ ಅನ್ನ ತಿನ್ನೋ ನಾನು ಏನು ಹೇಳಿದೆ? "ಆನ್‌ಲೈನ್‌ನಲ್ಲಿ ಅದಕ್ಕೆ ಅಂತಾನೇ ತಾಣ ಇದೆ ಚಿಕ್ಕಮ್ಮ, ಅಲ್ಲಿ ಹಾಕಿ, ಆಗತ್ತೆ."

ಎರಡು ದಿನಕ್ಕೆ ಫೋನು. "ಲೋ, ದಿನಕ್ಕೆ ಐದೇ ಅಂತಾನೆ ಕಣೋ ಅವನು. ಆಮೇಲೆ ದುಡ್ಡು ಕಟ್ಟು ಅಂತಾನೆ. ಹೃದಯದ ಮೇಲೆ ಅವನ ಹೆಸರು ಬರೆದುಕೊಟ್ಟಿದಾನೆ. ಹೃತ್ಕುಕ್ಷಿ ಅಂತ ಬರೆದಿದ್ದೆ, ಒತ್ತಕ್ಷರವೇ ಕಾಣಲ್ಲ." ಇಷ್ಟಾದರೆ ನಕ್ಕು ಸುಮ್ಮನಾಗಬಹುದಿತ್ತು. ಆ ಐದರಲ್ಲಿ ಒಂದು, ಅವರ ಕ್ಲಾಸಿನ ಮಕ್ಕಳು ಪ್ರಯೋಗ ಮಾಡ್ತಿರೋ ಚಿತ್ರ. ಮುಖ ಸ್ಪಷ್ಟವಾಗಿ ಕಾಣೋ ಎಂಟು ಮಕ್ಕಳು. ಅದು ಯಾವ ದೇಶದ ಯಾವ ಸರ್ವರಿನಲ್ಲಿ ಕೂತಿದೆಯೋ ನನಗೆ ಗೊತ್ತಿಲ್ಲ. ಕಳಿಸಿ ಅಂದವನು ನಾನೇ.

ಇಂಥ ಎಷ್ಟೋ ತಾಣಗಳ ಹಿಂದೆ ಓಡ್ತಾ ಇರೋದು ಎಫ್‌ಎಫ್‌ಎಂಪೆಗ್, ಇಮೇಜ್‌ಮ್ಯಾಜಿಕ್‌ನಂಥ ಬಿಟ್ಟಿ ತಂತ್ರಾಂಶಗಳೇ. ಎಫ್‌ಎಫ್‌ಎಂಪೆಗ್ 2000ದಲ್ಲಿ ಶುರುವಾದದ್ದು, ಇಮೇಜ್‌ಮ್ಯಾಜಿಕ್ ಅದಕ್ಕಿಂತ ಹತ್ತು ವರ್ಷ ಹಳೇದು. ಯಾರು ಬೇಕಾದರೂ ತಮ್ಮ ಕಂಪ್ಯೂಟರಿಗೇ ಹಾಕ್ಕೋಬಹುದು. ಅಂದರೆ ನಮ್ಮ ಹಿತ್ತಲ ಬಾವಿ ನೀರನ್ನೇ ಯಾರೋ ಬಾಟಲಿಗೆ ತುಂಬಿ, ಮೇಲೆ ಅವರ ಚೀಟಿ ಅಂಟಿಸಿ ನಮಗೇ ಮಾರ್ತಾ ಇದಾರೆ. ನಾವು ಹಗ್ಗ ಹಿಡಿದು ಸೇದೋಕೆ ಸೋಮಾರಿತನ ಮಾಡ್ತಾ ಇದೀವಿ.

"ಕಮಾಂಡ್ ಲೈನ್ ಸಾಮಾನ್ಯ ಜನಕ್ಕಲ್ಲ ಬಿಡ್ರಿ" ಅಂತ ನನ್ನ ಸಹೋದ್ಯೋಗಿಗಳು ಹೇಳ್ತಾರೆ. ನಾನೂ ಹೇಳ್ತಿದ್ದೆ. ಈಗ ಕೇಳ್ತೀನಿ, ಯಾರು ಈ ಸಾಮಾನ್ಯ ಜನ? ಮೂವತ್ತು ವರ್ಷ ರಾಸಾಯನಿಕ ಸಮೀಕರಣ ಸರಿದೂಗಿಸಿದ ಹೆಂಗಸಿಗೆ ನಾಲ್ಕು ಪದದ ಒಂದು ಸಾಲು ಅರ್ಥ ಆಗಲ್ವಾ?

ಫೋನಿನಲ್ಲೇ ಹೇಳಿಕೊಟ್ಟೆ. "ಎಫ್‌ಎಫ್‌ಎಂಪೆಗ್ ಅಂತ ಬರೀರಿ, ಜಾಗ ಬಿಡಿ, ಹೈಫನ್ ಐ, ಜಾಗ, ಹಳೇ ಕಡತದ ಹೆಸರು, ಜಾಗ, ಹೊಸ ಹೆಸರು, ಕೊನೆಗೆ ಚುಕ್ಕೆ ಎಂಪಿ4." ಎಂಟರ್ ಒತ್ತಿದರು. ಕೆಂಪು ಅಕ್ಷರದಲ್ಲಿ ತಪ್ಪು ಬಂತು. ಓದಿ ಅಂದೆ. ಅಗಲ ಎರಡರಿಂದ ಭಾಗ ಆಗಲ್ಲ ಅಂತಿತ್ತು. ಚಿತ್ರದ ಅಗಲ 481 ಪಿಕ್ಸೆಲ್. ಫೋನುಗಳೆಲ್ಲ ಒಪ್ಪೋ ಮಾಮೂಲಿ ವಿಡಿಯೋದಲ್ಲಿ ಬಣ್ಣದ ವಿವರವನ್ನು ಅಗಲದಲ್ಲೂ ಎತ್ತರದಲ್ಲೂ ಅರ್ಧಕ್ಕಿಳಿಸಿ ಇಡ್ತಾರೆ, ಅದಕ್ಕೆ ಎರಡೂ ಸಮಸಂಖ್ಯೆ ಆಗಿರಬೇಕು. ಹೀಗಂದ ಕೂಡಲೇ ಚಿಕ್ಕಮ್ಮ, "ಓ, ಅದಕ್ಕೇ ನನ್ನ ಕೆಂಪು ಅಕ್ಷರದ ಒತ್ತು ಕಲಸಿ ಹೋಗಿದ್ದು!" ಅಂದರು. ಅವರು ಐದು ನಿಮಿಷದಲ್ಲಿ ಹಿಡಿದ ಕಾರಣವನ್ನು ಆ ತಾಣ ಎರಡು ದಿನವೂ ಬಾಯಿ ಬಿಟ್ಟು ಹೇಳಿರಲಿಲ್ಲ.

ನನ್ನ ತಕರಾರು ಇರೋದೇ ಇಲ್ಲಿ. ರೂಪ ಬದಲಿಸೋದು ಅಂದರೆ ಸಾಲು ಸಾಲು ತೀರ್ಮಾನ. ಜಿಫ್‌ನ ಒಂದು ಚೌಕಟ್ಟಿಗೆ 256 ಬಣ್ಣ ಮಾತ್ರ, ಆದರೆ ಗೆರೆ, ಅಕ್ಷರ ಕಲಸೋದಿಲ್ಲ. ಒಂದೊಂದು ಚೌಕಟ್ಟು ಎಷ್ಟು ಹೊತ್ತು ನಿಲ್ಲಬೇಕು ಅಂತ ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಅದರೊಳಗೇ ಬರೆದಿರತ್ತೆ. ವಿಡಿಯೋಗೆ ಹಾಕಿದರೆ ಗಾತ್ರ ಇಳಿಯತ್ತೆ, ವಿವರ ಸ್ವಲ್ಪ ಹೋಗತ್ತೆ. ವೆಬ್‌ಪಿಗೆ ಹಾಕಿದರೆ ಏನೂ ಕಳೆಯದ ಹಾಗೂ ಇಡಬಹುದು, ಕಳೆದು ಚಿಕ್ಕದೂ ಮಾಡಬಹುದು. ಜಿಫ್2ವೆಬ್‌ಪಿ ಅನ್ನೋ ಪುಟ್ಟ ಆಜ್ಞೆ, ನೀವು ಬೇರೆ ಹೇಳದಿದ್ದರೆ, ಏನನ್ನೂ ಕಳೆಯದೆ ಕೊಡತ್ತೆ. ಹೃದಯದ ಚಿತ್ರಕ್ಕೆ ಅದು ಸರಿ, ಮಕ್ಕಳ ಪ್ರಯೋಗದ ಚಿತ್ರಕ್ಕೆ ವಿಡಿಯೋ ಸರಿ. ಇದನ್ನು ತೀರ್ಮಾನಿಸಬೇಕಾದವರು ಚಿತ್ರ ಬರೆದವರು. "ಇಲ್ಲಿ ಒತ್ತಿ" ಅನ್ನೋ ನೀಲಿ ಗುಂಡಿ ಪ್ರಶ್ನೆಗಳನ್ನೇ ಬಚ್ಚಿಟ್ಟು, ಉತ್ತರವನ್ನು ತಾನೇ ಬರೆದುಕೊಂಡಿರತ್ತೆ.

ಇದರ ಬಿಸಿ ಕನ್ನಡಿಗರಿಗೆ ಬೇರೆಯವರು ಹೇಳಬೇಕಾಗಿಲ್ಲ. ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಟೈಪಿಸಿದ ನಮ್ಮ ಲೇಖನಗಳು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಬರೀ ಚಿತ್ತಾರ. ಬರೆದದ್ದು ನಮ್ಮದು, ಬೀಗದಕೈ ಇನ್ನೊಬ್ಬರದು. ಜಿಫ್‌ದೂ ಅದೇ ಕಥೆ. 1987ರಲ್ಲಿ ಬಂದ ಅದನ್ನು ಜನ ತಮ್ಮದೇ ಅಂತ ಬಳಸ್ತಾ ಇರುವಾಗ, 1994ರ ಕೊನೆಗೆ ಅದರೊಳಗಿನ ಸಂಕೋಚನ ವಿಧಾನದ ಪೇಟೆಂಟ್ ಮುಂದಿಟ್ಟು ಯೂನಿಸಿಸ್ ಕಂಪನಿ ಲೈಸೆನ್ಸ್ ಹಣ ಕೇಳ್ತು. ಅಮೆರಿಕದಲ್ಲಿ ಆ ಪೇಟೆಂಟ್ ಮುಗಿದದ್ದು 2003ರಲ್ಲಿ. ಆ ಸಿಟ್ಟಿನಿಂದಲೇ ಪಿಎನ್‌ಜಿ ಹುಟ್ಟಿತು. ಸಿಟ್ಟು ಮಾಡ್ಕೊಳ್ಳೋದ್ರಲ್ಲೂ ಪ್ರಯೋಜನ ಇದೆ, ನೋಡಿ.

ಹಾಗಂತ ಕಪ್ಪು ಪರದೆ ದೇವರಲ್ಲ. ಅದು ಹೇಳಿದ್ದನ್ನು ಮಾಡತ್ತೆ, ಹೇಳಬೇಕು ಅಂದುಕೊಂಡದ್ದನ್ನಲ್ಲ. ಚಿತ್ರಗಳನ್ನು ಚಿಕ್ಕದು ಮಾಡೋಕೆ ಹೋಗಿ ಮೊಗ್ರಿಫೈ ಅನ್ನೋ ಆಜ್ಞೆ ಕೊಟ್ಟು ನನ್ನದೇ ಹನ್ನೆರಡು ಜಿಫ್ ಹಾಳು ಮಾಡ್ಕೊಂಡಿದೀನಿ. ಅದು ಮೂಲದ ಮೇಲೇ ಬರೆಯತ್ತೆ. ಜೊತೆಗೆ, ಎಷ್ಟೋ ಜಿಫ್‌ಗಳಲ್ಲಿ ಪ್ರತಿ ಚೌಕಟ್ಟಿನಲ್ಲೂ ಬದಲಾದ ತುಂಡು ಮಾತ್ರ ಇರತ್ತೆ, ಮೊದಲು ಅವನ್ನು ಕೋಅಲೆಸ್ ಅನ್ನೋ ಆಯ್ಕೆಯಿಂದ ಪೂರ್ತಿ ಚೌಕಟ್ಟು ಮಾಡ್ಕೋಬೇಕು. ಎರಡೂ ಕೈಪಿಡಿಯಲ್ಲಿತ್ತು, ನಾನು ಓದಿರಲಿಲ್ಲ. ಅದಕ್ಕೇ ಚಿಕ್ಕಮ್ಮನಿಗೆ ಮೊದಲ ನಿಯಮ ಹೇಳಿದ್ದು: ನಕಲು ಮಾಡಿಟ್ಕೊಂಡು ಆಮೇಲೆ ಕೈ ಹಾಕಿ.

ಉಳಿದ 38ಕ್ಕೂ ಒಂದೇ ಸಾಲು ಸಾಕಾಯ್ತು: ಈ ಫೋಲ್ಡರಿನ ಪ್ರತಿ ಜಿಫ್‌ಗೂ ಇದನ್ನೇ ಮಾಡು ಅಂತ. ಅವರು ಕಾಫಿ ಸೋಸಿ ಬರೋದ್ರೊಳಗೆ ಮುಗಿದಿತ್ತು. ಆ ಸಾಲನ್ನು ಪಾಠ ಟಿಪ್ಪಣಿಯ ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದಾರೆ. ಪಕ್ಕದ ಶಾಲೆಯ ಮೇಷ್ಟ್ರೊಬ್ಬರು ಅದನ್ನು ಚೀಟಿಯಲ್ಲಿ ಬರ್ಕೊಂಡು ಹೋದರಂತೆ. ಮೌಸ್ ಹಿಡಿದು ಎಲ್ಲೆಲ್ಲಿ ಒತ್ತಿದೆ ಅನ್ನೋದನ್ನ ಹೀಗೆ ಚೀಟಿಯಲ್ಲಿ ಕೊಡೋಕಾಗತ್ತಾ? ತಾಣ ಮುಚ್ಚಿದ ದಿನ ಆ ಜ್ಞಾನವೂ ಮುಚ್ಚಿಹೋಗತ್ತೆ.

ಆದ್ದರಿಂದ ನನ್ನ ಜಗಳ ಆ ತಾಣಗಳ ಜೊತೆಗಿಂತ ಹೆಚ್ಚಾಗಿ ನನ್ನಂಥವರ ಜೊತೆ. ಗೊತ್ತಿದ್ದೂ "ನಿಮಗೆ ಕಷ್ಟ ಆಗತ್ತೆ" ಅಂತ ಮನೆಯವರನ್ನೇ ಬಾಗಿಲಾಚೆ ನಿಲ್ಲಿಸೋ ನಮ್ಮ ಜೊತೆ. ಮುಂದಿನ ಸಲ ಯಾರಾದರೂ ಕೇಳಿದರೆ ಕೊಂಡಿ ಕಳಿಸಬೇಡಿ. ಒಂದು ಸಾಲು ಬರೆದುಕೊಡಿ, ಪ್ರತಿ ಪದ ಏನು ಮಾಡತ್ತೆ ಅಂತ ಕನ್ನಡದಲ್ಲಿ ಕೆಳಗೆ ಬರೀರಿ. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷ ನಾನು ಉಳಿಸೋಕೆ ಹೋಗಿದ್ದರಿಂದಲೇ ಎಂಟು ಮಕ್ಕಳ ಮುಖ ಊರು ಬಿಟ್ಟು ಹೋಯ್ತು.