ಮಿಂಚಿನ ವೇಗದ ಕೋವಿಗೆ ಸೀಸದ ಗುಂಡೇಕೆ?

ಪರಿಸರದ ಪತ್ರಿಕೆಯಲ್ಲಿ ಕೋವಿಯ ಗುಂಡಿನ ಕುರಿತು ಲೇಖನವೇ ಎಂದು ಕೆಲವು ಓದುಗರು ಹುಬ್ಬೇರಿಸಬಹುದು. ಬೇಟೆಯನ್ನೇ ವಿರೋಧಿಸಬೇಕಾದವರು ಯಾವ ಗುಂಡು ಉತ್ತಮವೆಂದು ಚರ್ಚಿಸುವುದು ಕಳ್ಳನಿಗೆ ಕನ್ನಗತ್ತರಿಯ ಗುಣಾವಗುಣ ವಿವರಿಸಿದಂತೆ ಎಂದು ನಮ್ಮ ಬಳಗದ ಹಿರಿಯರೊಬ್ಬರು ಆಗಲೇ ಅಂದಿದ್ದಾರೆ. ಅವರ ಮಾತನ್ನು ಒಪ್ಪದೆಯೇ ಇದನ್ನು ಬರೆಯುತ್ತಿದ್ದೇನೆ. ಅಮೆರಿಕದಲ್ಲಿ ಬೇಟೆ ಕಾನೂನುಬದ್ಧ. ಅಲ್ಲಿ ಪ್ರತಿವರ್ಷ ಲಕ್ಷಾಂತರ ಜಿಂಕೆಗಳು ಪರವಾನಗಿಯ ಮೇಲೆಯೇ ಹತವಾಗುತ್ತವೆ. ಆ ಜಿಂಕೆಯ ಕರುಳನ್ನು ತಿಂದು ಸಾಯುವ ಹಕ್ಕಿಯು, ಬೇಟೆ ನೈತಿಕವೋ ಅನೈತಿಕವೋ ಎಂಬ ನಮ್ಮ ತರ್ಕ ಮುಗಿಯುವವರೆಗೆ ಹಸಿದು ಕುಳಿತಿರುವುದಿಲ್ಲ.

ಅಲ್ಲಿನ ಬೇಟೆಗಾರರಲ್ಲಿ ತೋಟಾಗಳನ್ನು ಅಂಗಡಿಯಿಂದ ಕೊಳ್ಳದೆ ಮನೆಯಲ್ಲಿ ತಾವೇ ತುಂಬಿಕೊಳ್ಳುವ ದೊಡ್ಡ ವರ್ಗವೊಂದಿದೆ. ಒಮ್ಮೆ ಸಿಡಿದ ಹಿತ್ತಾಳೆಯ ಕೋಶವನ್ನು ಶುಚಿಮಾಡಿ, ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು, ಹೊಸ ಕೇಪು ಕೂರಿಸಿ, ಮದ್ದನ್ನು ಚಿನಿವಾರನ ತಕ್ಕಡಿಯಂಥ ತಕ್ಕಡಿಯಲ್ಲಿ ತೂಗಿ ಸುರಿದು, ಕೊನೆಗೆ ಗುಂಡನ್ನು ಕೋಶದ ಬಾಯಿಗೆ ಒತ್ತುತ್ತಾರೆ. ಅವರ ತೂಕದ ಮಾನ ಗ್ರೇನ್. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಮದ್ದನ್ನು ಗ್ರೇನಿನ ಹತ್ತನೆಯ ಒಂದು ಭಾಗದವರೆಗೂ ಸರಿನೋಡುತ್ತಾರೆ. ಪ್ರಯೋಗಾಲಯದಲ್ಲಿ ಮಣ್ಣು, ಬೀಜ ತೂಗುತ್ತಲೇ ಅರ್ಧ ಆಯುಷ್ಯ ಕಳೆದ ನನಗೆ ಈ ಶ್ರದ್ಧೆಯ ಬಗ್ಗೆ ಗೌರವವಿದೆ. ಗುಂಡು ಗಾಳಿಯನ್ನು ಎಷ್ಟು ಸಲೀಸಾಗಿ ಸೀಳುತ್ತದೆ, 300 ಮೀಟರಿನಲ್ಲಿ ಎಷ್ಟು ಅಂಗುಲ ಕೆಳಗೆ ಬೀಳುತ್ತದೆ, ಅಡ್ಡಗಾಳಿಗೆ ಎಷ್ಟು ಸರಿಯುತ್ತದೆ ಎಂಬುದನ್ನೆಲ್ಲ ಅವರು ಪುಸ್ತಕದಲ್ಲಿ ಬರೆದಿಡುತ್ತಾರೆ. ಆ ಪುಸ್ತಕದಲ್ಲಿ ಒಂದು ಕಲಮು ಮಾತ್ರ ಬಹುಮಟ್ಟಿಗೆ ಖಾಲಿ: ಪ್ರಾಣಿಯ ಒಡಲಿನಲ್ಲಿ ಗುಂಡಿನಿಂದ ಕಳಚಿದ ಲೋಹ ಎಲ್ಲಿಗೆ ಹೋಯಿತು?

ಈ ಪ್ರಶ್ನೆ ಎಲ್ಲ ಕೋವಿಗಳಿಗೂ ಅನ್ವಯಿಸುತ್ತದೆ. ಆದರೆ ಮ್ಯಾಗ್ನಂ ರೈಫಲಿಗೆ ಅದು ಬೇರೆಯದೇ ತೀವ್ರತೆಯಿಂದ ಅನ್ವಯಿಸುತ್ತದೆ. ಮ್ಯಾಗ್ನಂ ಎಂದರೆ ಹೆಚ್ಚು ಮದ್ದು ಹಿಡಿಯುವ ದೊಡ್ಡ ಕೋಶದ ತೋಟಾ. 1940ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ರಾಯ್ ವೆದರ್‌ಬಿ, ಕೊಲ್ಲುವುದು ಗುಂಡಿನ ವೇಗವೇ ಎಂಬ ಮಂತ್ರವನ್ನು ಜನಪ್ರಿಯಗೊಳಿಸಿದ. 1962ರಲ್ಲಿ 7 ಮಿಲಿಮೀಟರ್ ರೆಮಿಂಗ್ಟನ್ ಮ್ಯಾಗ್ನಂ, 1963ರಲ್ಲಿ 300 ವಿಂಚೆಸ್ಟರ್ ಮ್ಯಾಗ್ನಂ ಬಂದು, ಸಾಮಾನ್ಯ ಬೇಟೆಗಾರನ ಹೆಗಲಿಗೂ ಈ ವೇಗ ಏರಿತು. 300 ವಿಂಚೆಸ್ಟರ್ ಮ್ಯಾಗ್ನಂ 180 ಗ್ರೇನಿನ, ಅಂದರೆ ಹನ್ನೆರಡು ಗ್ರಾಂಗೂ ಕಡಿಮೆ ತೂಕದ ಗುಂಡನ್ನು ಸೆಕೆಂಡಿಗೆ ಸುಮಾರು 900 ಮೀಟರ್ ವೇಗದಲ್ಲಿ ಹೊರದಬ್ಬುತ್ತದೆ. 1895ರಷ್ಟು ಹಳೆಯ 30-30 ತೋಟಾ ಹೆಚ್ಚುಕಡಿಮೆ ಅಷ್ಟೇ ತೂಕದ ಗುಂಡನ್ನು ಸುಮಾರು 670 ಮೀಟರ್ ವೇಗದಲ್ಲಿ ಕಳಿಸುತ್ತಿತ್ತು. ವೇಗದ ಅಂತರ ಮೂರನೆಯ ಒಂದು ಭಾಗವಷ್ಟೇ ಅನಿಸಬಹುದು. ಆದರೆ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾದುದು ಎಂಬುದು ಪಿಯುಸಿ ವಿದ್ಯಾರ್ಥಿಗಳಿಗೆ ಗೊತ್ತಿರುವ ವಿಷಯ. ಶಕ್ತಿ ಹತ್ತಿರಹತ್ತಿರ ಇಮ್ಮಡಿಯಾಗುತ್ತದೆ. ಈ ಇಮ್ಮಡಿ ಶಕ್ತಿ ಸೀಸದಂಥ ಮೆದು ಲೋಹದ ಮೇಲೆ ಬಿದ್ದಾಗ ಲೋಹ ಚದುರದೆ ಇನ್ನೇನಾದೀತು?

ಇದನ್ನು ಮೊದಲು ಕಂಡುಕೊಂಡವರು ಪರಿಸರವಾದಿಗಳಲ್ಲ, ಬೇಟೆಗಾರರೇ. 1946ರಲ್ಲಿ ಜಾನ್ ನೋಸ್ಲರ್ ಎಂಬಾತ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಎಂಬ ಭಾರೀ ಕಡವೆಗೆ ಮ್ಯಾಗ್ನಂ ರೈಫಲಿನಿಂದ ಗುಂಡು ಹೊಡೆದ. ಗುಂಡುಗಳು ಒಳಹೊಕ್ಕದೆ ಮೇಲ್ಮೈಯಲ್ಲೇ ಪುಡಿಯಾದವು. ಅದೇ ಸಿಟ್ಟಿನಲ್ಲಿ ಆತ ನಡುವೆ ತಾಮ್ರದ ಅಡ್ಡಗೋಡೆಯಿರುವ ಗುಂಡೊಂದನ್ನು ರೂಪಿಸಿ 1948ರಿಂದ ಮಾರತೊಡಗಿದ. ಗೋಡೆಯ ಹಿಂದಿನ ಸೀಸ ಉಳಿಯುತ್ತದೆ, ಮುಂದಿನದು ಚದುರಿಹೋಗುತ್ತದೆ. ಇಂಥ ಗುಂಡು ತನ್ನ ತೂಕದ ಮೂರನೆಯ ಒಂದು ಭಾಗವನ್ನು ಪ್ರಾಣಿಯೊಳಗೆ ಕಳೆದುಕೊಳ್ಳುವುದು ಸಾಮಾನ್ಯ. 180 ಗ್ರೇನಿನ ಗುಂಡಿನಲ್ಲಿ ಅದು ಸುಮಾರು ನಾಲ್ಕು ಗ್ರಾಂ; ಅದರಲ್ಲಿ ಹೆಚ್ಚಿನದು ಸೀಸವೇ. ನೋಸ್ಲರ್ ಮಾಡಿದ ಸುಧಾರಣೆ ನಿಜವಾದ ಸುಧಾರಣೆಯೇ, ಆದರೆ ಅದು ಬೇಟೆಗಾರನ ಸಮಸ್ಯೆಗೆ ಉತ್ತರವಾಗಿತ್ತು. ಕಾಡಿನ ಸಮಸ್ಯೆಯನ್ನು ಆಗ ಯಾರೂ ಕೇಳಿರಲಿಲ್ಲ.

ಕೇಳಿದವರು ಎಕ್ಸ್-ರೇ ಯಂತ್ರವನ್ನು ಹಿಡಿದುಕೊಂಡೇ ಕೇಳಿದರು. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೇಟೆಗಾರರು ಜಿಂಕೆಯ ಹೊಟ್ಟೆ ಬಗೆದು ಕಾಡಿನಲ್ಲೇ ಬಿಟ್ಟುಹೋಗುವ ಕರುಳಿನ ರಾಶಿಗಳನ್ನು ಪರೀಕ್ಷಿಸಲಾಯಿತು. ಅಂಥ 20 ರಾಶಿಗಳಲ್ಲಿ 18ರಲ್ಲಿ ಲೋಹದ ಚೂರುಗಳಿದ್ದವು. ಐದರಲ್ಲಂತೂ ಇನ್ನೂರಕ್ಕೂ ಹೆಚ್ಚು. ಪೂರ್ಣ ತಾಮ್ರದ ಗುಂಡಿಗೆ ಬಿದ್ದ ನಾಲ್ಕು ಜಿಂಕೆಗಳ ಇಡೀ ದೇಹಗಳಲ್ಲಿ ಸಿಕ್ಕಿದ್ದು ಎಲ್ಲ ಸೇರಿ ಆರು ಚೂರು. 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು, ಏಕೆಂದರೆ ಅಲ್ಲಿ ಬಳಸಿದ್ದು 7 ಮಿಲಿಮೀಟರ್ ರೆಮಿಂಗ್ಟನ್ ಮ್ಯಾಗ್ನಂ. ವಯೋಮಿಂಗ್ ರಾಜ್ಯದಲ್ಲಿ ಹೊಡೆದ 30 ಜಿಂಕೆಗಳನ್ನು ಮಾಮೂಲಿನಂತೆ ಮಾಂಸದಂಗಡಿಗಳಿಗೆ ಕೊಟ್ಟು ಕತ್ತರಿಸಿ ಪೊಟ್ಟಣ ಕಟ್ಟಿಸಿ ನೋಡಿದರೆ, 24 ಜಿಂಕೆಗಳ ಮಾಂಸದ ಪೊಟ್ಟಣಗಳಲ್ಲಿ ಲೋಹದ ಚೂರುಗಳಿದ್ದವು. ಆ ಮಾಂಸವನ್ನು ಹಂದಿಗಳಿಗೆ ತಿನ್ನಿಸಿದಾಗ ಎರಡೇ ದಿನಗಳಲ್ಲಿ ಅವುಗಳ ರಕ್ತದ ಸೀಸ ಏರಿತು. ಗಾಯದ ಸುತ್ತಲಿನ ಮಾಂಸ ಕೊಯ್ದು ಬಿಸಾಡಿದರೆ ಸಾಕು ಎಂಬ ಬೇಟೆಗಾರರ ನಂಬಿಕೆಗೆ ಇದಕ್ಕಿಂತ ಸರಳವಾದ ಉತ್ತರ ಬೇಕಿಲ್ಲ. ಮಕ್ಕಳ ಮಟ್ಟಿಗೆ ಸೀಸಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಬಂದಿದೆ.

ಕರುಳಿನ ರಾಶಿಯ ಬಳಿಗೆ ಬರುವವು ನರಿ, ಕಾಗೆ, ಹದ್ದು. ಕ್ಯಾಲಿಫೋರ್ನಿಯಾ, ಅರಿಜೋನಾಗಳಲ್ಲಿ ಕಾಂಡೋರ್ ಎಂಬ, ಸುಮಾರು ಮೂರು ಮೀಟರ್ ರೆಕ್ಕೆಹರವಿನ ರಣಹದ್ದು. 1982ರಲ್ಲಿ ಜಗತ್ತಿನಲ್ಲಿ ಉಳಿದಿದ್ದ ಕಾಂಡೋರ್‌ಗಳು 22. 1987ರಲ್ಲಿ ಕಟ್ಟಕಡೆಯ ಕಾಡು ಹಕ್ಕಿಯನ್ನೂ ಹಿಡಿದು ಪಂಜರದಲ್ಲಿಟ್ಟು ವಂಶ ಬೆಳೆಸಿ, 1992ರಿಂದ ಮತ್ತೆ ಹೊರಬಿಡತೊಡಗಿದರು. ಇಂದು ಅವುಗಳ ಸಂಖ್ಯೆ ಐನೂರು ದಾಟಿದೆ. ಆದರೆ ಬಿಡುಗಡೆಯಾದ ಹಕ್ಕಿಗಳನ್ನು ಅತಿ ಹೆಚ್ಚು ಕೊಂದದ್ದು ಸೀಸ. ಅವುಗಳ ರಕ್ತದಲ್ಲಿದ್ದ ಸೀಸದ ಐಸೋಟೋಪ್ ಗುರುತು ಕೋವಿಗುಂಡಿನ ಸೀಸಕ್ಕೇ ಹೊಂದುತ್ತದೆಂದು ತಜ್ಞರು ತೋರಿಸಿದ್ದಾರೆ. ಹೆಣ್ಣು ಕಾಂಡೋರ್ ಮರಿಮಾಡುವ ವಯಸ್ಸಿಗೆ ಬರಲು ಆರೇಳು ವರ್ಷ ಬೇಕು, ಸಾಮಾನ್ಯವಾಗಿ ಎರಡು ವರ್ಷಕ್ಕೆ ಒಂದು ಮೊಟ್ಟೆ. ಅದರ ಹೊಟ್ಟೆಯ ಆಮ್ಲವೋ ಮೂಳೆಯನ್ನೂ ಕರಗಿಸುವಂಥದು. ಸತ್ತ ಪ್ರಾಣಿಯ ರೋಗಾಣುಗಳನ್ನು ಸುಟ್ಟು ನಮ್ಮನ್ನು ಕಾಯುವ ಆ ಆಮ್ಲವೇ ನುಚ್ಚಿನಷ್ಟು ಸಣ್ಣ ಸೀಸದ ಚೂರನ್ನು ಕರಗಿಸಿ ರಕ್ತಕ್ಕೆ ಸೇರಿಸುತ್ತದೆ. ಇದು ಕಾಂಡೋರ್‌ಗಷ್ಟೇ ಸೀಮಿತವೆನ್ನುವವರು 2022ರ ವರದಿಯನ್ನು ನೋಡಬೇಕು: ಅಮೆರಿಕದ 38 ರಾಜ್ಯಗಳ 1210 ಹದ್ದುಗಳನ್ನು ಪರೀಕ್ಷಿಸಿದಾಗ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ದೀರ್ಘಕಾಲದ ಸೀಸದ ವಿಷ ಕಂಡುಬಂತು.

ಇನ್ನು ಆಕ್ಷೇಪಗಳ ಮಾತು. ತಾಮ್ರದ ಗುಂಡು ಪರಿಸರವಾದಿಗಳು ಬೇಟೆಗಾರರ ಮೇಲೆ ಹೇರಿದ ಶಿಕ್ಷೆ ಎನ್ನುತ್ತಾರೆ. ಸುಳ್ಳು. ಅದನ್ನು ಬಾರ್ನ್ಸ್ ಸಂಸ್ಥೆಯ ರ್‍ಯಾಂಡಿ ಬ್ರೂಕ್ಸ್ ಎಂಬ ಬೇಟೆಗಾರ ರೂಪಿಸಿ 1989ರಲ್ಲಿ ಮಾರುಕಟ್ಟೆಗೆ ತಂದ. ಹಕ್ಕಿಗಳ ಚಿಂತೆ ಅದರ ಹುಟ್ಟಿನಲ್ಲಿ ಇರಲೇ ಇಲ್ಲ.

ತಾಮ್ರ ಗಟ್ಟಿ ಲೋಹ, ಪ್ರಾಣಿಯೊಳಗೆ ಹೂವಿನಂತೆ ಅರಳದೆ ಸೂಜಿಯಂತೆ ಹಾದುಹೋಗಿ ಗಾಯಗೊಂಡ ಪ್ರಾಣಿ ನರಳುತ್ತದೆ ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆ, ಮುಚ್ಚಿಡುವುದು ತಪ್ಪಾಗುತ್ತದೆ. ತಾಮ್ರದ ಗುಂಡು ಚೆನ್ನಾಗಿ ಅರಳಬೇಕಾದರೆ ಗುರಿ ಮುಟ್ಟುವಾಗ ಸೆಕೆಂಡಿಗೆ ಸುಮಾರು 550ರಿಂದ 600 ಮೀಟರ್ ವೇಗ ಉಳಿದಿರಬೇಕು. ನಿಧಾನದ ಹಳೆಯ ಕೋವಿಯವನಿಗೆ ದೂರದ ಗುರಿಯಲ್ಲಿ ಇದು ನಿಜವಾದ ತೊಡಕು. ಆದರೆ ಮ್ಯಾಗ್ನಂ ಹಿಡಿದವನು ಈ ನೆಪ ಹೇಳುವಂತಿಲ್ಲ! 300 ವಿಂಚೆಸ್ಟರ್ ಮ್ಯಾಗ್ನಂನಿಂದ ಹೊರಟ 165 ಗ್ರೇನಿನ ತಾಮ್ರದ ಗುಂಡಿಗೆ 400 ಮೀಟರ್ ದೂರದಲ್ಲೂ 650 ಮೀಟರಿಗಿಂತ ಹೆಚ್ಚಿನ ವೇಗ ಉಳಿದಿರುತ್ತದೆ. ಯಾವ ವೇಗ ಸೀಸವನ್ನು ಪುಡಿಗಟ್ಟುತ್ತದೋ ಅದೇ ವೇಗ ತಾಮ್ರವನ್ನು ಸರಿಯಾಗಿ ಅರಳಿಸುತ್ತದೆ. ಸೀಸ ಅತ್ಯಂತ ಹೆಚ್ಚು ಹಾನಿಮಾಡುವ ಕೋವಿಯೂ, ತಾಮ್ರಕ್ಕೆ ಅತ್ಯಂತ ಕಡಿಮೆ ತೊಡಕಿರುವ ಕೋವಿಯೂ ಒಂದೇ. ವೇಗಕ್ಕಾಗಿಯೇ ದುಡ್ಡು ಸುರಿದು, ಹೆಗಲು ನೋಯಿಸಿಕೊಂಡು ಮ್ಯಾಗ್ನಂ ಕೊಂಡವನು ಅದರಲ್ಲಿ ಸೀಸ ತುಂಬುವುದಕ್ಕೆ ಅಭ್ಯಾಸಬಲವಲ್ಲದೆ ಬೇರೆ ಕಾರಣ ನನಗೆ ಕಾಣುವುದಿಲ್ಲ.

ನನ್ನ ಕೋವಿಗೆ ತಾಮ್ರ ಒಗ್ಗಲಿಲ್ಲ, ಗುರಿ ಚದುರಿತು ಎನ್ನುವವರಲ್ಲಿ ಬಹಳಷ್ಟು ಮಂದಿ ಮಾಡಿರುವ ತಪ್ಪೆಂದರೆ ಸೀಸದ ಲೆಕ್ಕವನ್ನೇ ತಾಮ್ರಕ್ಕೆ ಹಚ್ಚಿರುವುದು. ಸೀಸದ ಸಾಂದ್ರತೆ 11.3, ತಾಮ್ರದ್ದು 8.9, ಆದ್ದರಿಂದ ಒಂದೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದ. ಉದ್ದನೆಯ ಗುಂಡು ಕೋಶದೊಳಗೆ ಮದ್ದಿನ ಜಾಗವನ್ನು ಕಬಳಿಸುತ್ತದೆ, ಗಾಳಿಯಲ್ಲಿ ಸ್ಥಿರವಾಗಿರಲು ನಳಿಗೆಯ ಸುರುಳಿಗೆರೆಗಳಿಂದ ಹೆಚ್ಚು ತಿರುಗು ಬೇಡುತ್ತದೆ. ಹಳೆಯ ಮದ್ದಿನ ಪ್ರಮಾಣವನ್ನೇ ಹಾಕಿದರೆ ಒತ್ತಡ ಅಪಾಯದ ಮಟ್ಟಕ್ಕೇರಬಹುದು. 180 ಗ್ರೇನ್ ಸೀಸ ಬಳಸುತ್ತಿದ್ದವನು 165 ಅಥವಾ 150 ಗ್ರೇನ್ ತಾಮ್ರಕ್ಕೆ ಇಳಿಯಬೇಕು. ತಾಮ್ರ ತನ್ನ ತೂಕವನ್ನು ಕಳೆದುಕೊಳ್ಳದ ಕಾರಣ ಹಗುರವಾದರೂ ಆಳಕ್ಕೆ ಇಳಿಯುತ್ತದೆ. ನಳಿಗೆಯ ಹಳೆಯ ಲೋಹದ ಕಲೆಯನ್ನು ಪೂರ್ತಿ ತೆಗೆದು, ತಯಾರಕರ ಕೈಪಿಡಿಯಲ್ಲಿ ತಾಮ್ರಕ್ಕೆಂದೇ ಕೊಟ್ಟ ಕನಿಷ್ಠ ಮದ್ದಿನಿಂದ ಆರಂಭಿಸಿ ಸ್ವಲ್ಪಸ್ವಲ್ಪವೇ ಏರಬೇಕು. ಗುಂಡಿನ ತುದಿಯನ್ನು ಸುರುಳಿಗೆರೆಗೆ ತಾಗಿಸದೆ ಸುಮಾರು 1.3 ಮಿಲಿಮೀಟರ್ ಹಿಂದೆ ಕೂರಿಸಬೇಕೆಂದು ಬಾರ್ನ್ಸ್‌ನವರೇ ಸೂಚಿಸುತ್ತಾರೆ. ಹತ್ತನೆಯ ಒಂದು ಗ್ರೇನ್ ತೂಗಬಲ್ಲವನಿಗೆ ಇದು ಯಾವ ಬ್ರಹ್ಮವಿದ್ಯೆ? ಬೆಲೆ ಹೆಚ್ಚು ಎಂಬ ದೂರೂ ಉಂಟು. ಒಂದು ಜಿಂಕೆಗೆ ಒಂದೋ ಎರಡೋ ಗುಂಡು. ಆ ಖರ್ಚು ದುರ್ಬೀನಿಗೆ ಸುರಿದ ಹಣದ ಮುಂದೆ ಲೆಕ್ಕಕ್ಕೆ ಬರುವಂಥದಲ್ಲ.

ಮನವೊಲಿಕೆ ಸಾಕೋ, ಕಾನೂನೇ ಬೇಕೋ? ಅರಿಜೋನಾ 2005ರಿಂದ ಕಾಂಡೋರ್ ಇರುವ ಪ್ರದೇಶದ ಬೇಟೆಗಾರರಿಗೆ ಸೀಸರಹಿತ ತೋಟಾಗಳನ್ನು ಉಚಿತವಾಗಿ ಹಂಚಿತು, ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಜನ ಸ್ಪಂದಿಸಿದರು. ಕ್ಯಾಲಿಫೋರ್ನಿಯಾ 2007ರಲ್ಲಿ ಕಾಂಡೋರ್ ಪ್ರದೇಶಕ್ಕೂ, 2013ರಲ್ಲಿ ಇಡೀ ರಾಜ್ಯಕ್ಕೂ ಕಾನೂನು ಮಾಡಿ, 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸವನ್ನು ಸಂಪೂರ್ಣ ನಿಷೇಧಿಸಿತು. ನಿಷೇಧದ ನಂತರವೂ ಅಲ್ಲಿ ಕಾಂಡೋರ್‌ಗಳು ಸೀಸದಿಂದ ಸಾಯುವುದು ನಿಂತಿಲ್ಲ. ಉಳಿದ ಐದನೆಯ ಒಂದು ಭಾಗದ ಜನರೇ ಆಗಲಿ, ಕಾನೂನು ಮುರಿಯುವ ಕೆಲವರೇ ಆಗಲಿ, ನೂರಾರು ಮೈಲಿ ಹಾರಿ ಗುಂಪಾಗಿ ಉಣ್ಣುವ ಹಕ್ಕಿಗೆ ಒಂದೇ ಕಳೇಬರ ಸಾಕು. ಹಾಗಾಗಿ ನನ್ನ ಮತ ಕಾನೂನಿನ ಪರ, ಜೊತೆಗೆ ಉಚಿತ ತೋಟಾಗಳ ಪರ. ಅಲ್ಲಿನ ಕೇಂದ್ರ ಸರ್ಕಾರದ ನಡೆಯಂತೂ ನಗೆಪಾಟಲು: ಸರ್ಕಾರಿ ವನ್ಯಜೀವಿಧಾಮಗಳಲ್ಲಿ ಸೀಸದ ಗುಂಡನ್ನು ಹಂತಹಂತವಾಗಿ ನಿಲ್ಲಿಸುವ ಆದೇಶ 2017ರ ಜನವರಿ 19ರಂದು ಹೊರಟಿತು, ಹೊಸ ಸರ್ಕಾರದ ಸಚಿವರು ಮಾರ್ಚ್ 2ರಂದು ಅದನ್ನು ರದ್ದುಮಾಡಿದರು. ಮನೆಯ ಬಣ್ಣದಿಂದ 1978ರಲ್ಲಿ, ವಾಹನಗಳ ಪೆಟ್ರೋಲಿನಿಂದ 1996ರಲ್ಲಿ ಸೀಸವನ್ನು ಹೊರಹಾಕಿದ ದೇಶ ಅದನ್ನು ಊಟದ ಮಾಂಸದಲ್ಲಿ ಉಳಿಸಿಕೊಳ್ಳಲು ಇಷ್ಟು ಹೋರಾಡುತ್ತದೆ. ಡೆನ್ಮಾರ್ಕ್ 1996ರಲ್ಲೇ ಸೀಸದ ಚರೆಯನ್ನೂ, 2024ರ ಏಪ್ರಿಲ್‌ನಿಂದ ರೈಫಲಿನ ಸೀಸದ ಗುಂಡನ್ನೂ ನಿಷೇಧಿಸಿತು. ಅಲ್ಲಿ ಬೇಟೆ ನಿಂತುಹೋಗಿಲ್ಲ.

ಮಲೆನಾಡಿನ ನಮಗೆ ಇದೆಲ್ಲ ದೂರದ ಕಥೆಯೇ? ರಣಹದ್ದಿನ ಸಾವಿನ ಪಾಠವನ್ನು ನಮಗಿಂತ ದುಬಾರಿ ಬೆಲೆಗೆ ಕಲಿತವರಿಲ್ಲ. ಹಸುವಿನ ನೋವಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ಔಷಧ, ಆ ಹಸುವಿನ ಕಳೇಬರದ ಮೂಲಕ ನಮ್ಮ ಬಿಳಿಬೆನ್ನಿನ ರಣಹದ್ದುಗಳನ್ನು ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಮುಗಿಸಿದ ಮೇಲೆ, 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದರ ನಿಷೇಧ ಬಂತು. ಹಸುವಿನ ನೋವು ಇಳಿದರೆ ಔಷಧದ ಕೆಲಸ ಮುಗಿಯಿತೆಂದು ಪಶುವೈದ್ಯರು ನಂಬಿದ್ದರು. ಜಿಂಕೆ ಬಿದ್ದರೆ ಗುಂಡಿನ ಕೆಲಸ ಮುಗಿಯಿತೆಂದು ಬೇಟೆಗಾರ ನಂಬುತ್ತಾನೆ. ಕೀಟ ಸತ್ತರೆ ಎಂಡೋಸಲ್ಫಾನಿನ ಕೆಲಸ ಮುಗಿಯಿತೆಂದು ನಂಬಿ ಶಿಫಾರಸು ಬರೆದವರು ಕೃಷಿ ವಿಜ್ಞಾನಿಗಳಾದ ನಾವೇ. ಆದ್ದರಿಂದ ಬೇಟೆಗಾರನ ಮೇಲೆ ಕಲ್ಲೆಸೆಯುವಾಗ ನನ್ನ ಕೈ ಸ್ವಲ್ಪ ಹಿಂಜರಿಯುತ್ತದೆ.

ನಮ್ಮ ಊರುಗಳಲ್ಲಿ ಮ್ಯಾಗ್ನಂ ರೈಫಲ್ ಕಾಣಸಿಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಆದರೂ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳು ನಮ್ಮ ಅಟ್ಟಗಳಲ್ಲಿವೆ, ಅವುಗಳ ಚರೆ ಸೀಸದ್ದು. ಕದ್ದಾಡುವ ಶಿಕಾರಿ ನಿಂತಿಲ್ಲವೆಂಬುದೂ ಗುಟ್ಟಲ್ಲ. ಕಾಡುಹಂದಿಯ ಮಾಂಸ ಉಣ್ಣುವಾಗ ಹಲ್ಲಿಗೆ ಸಿಕ್ಕ ಚರೆಯನ್ನು ತಟ್ಟೆಯಂಚಿಗೆ ಆರಿಸಿಟ್ಟು ನಗುವವರನ್ನು ನೀವೂ ಕಂಡಿರಬಹುದು. ಹಲ್ಲಿಗೆ ಸಿಕ್ಕಿದ್ದು ಹೊರಬಂತು, ಪುಡಿಯಾದದ್ದು? ಚರೆ ತಗುಲಿಯೂ ತಪ್ಪಿಸಿಕೊಂಡು ಮಟ್ಟಿಯೊಳಗೆ ಸತ್ತ ಹಂದಿಯನ್ನು ತಿಂದ ಹದ್ದು, ನರಿ, ನಾಯಿಗಳ ಲೆಕ್ಕ ಯಾರ ಬಳಿಯಿದೆ? ಗದ್ದೆಯಂಚಿನಲ್ಲೋ ಹಳ್ಳದ ಬದಿಯಲ್ಲೋ ಗಾಯವಿಲ್ಲದೆ ಸತ್ತುಬಿದ್ದ ಹದ್ದನ್ನು ಕಂಡ ವಿದ್ಯಾರ್ಥಿಗಳು ಅದನ್ನು ಮುಟ್ಟದೆ, ಹೂಳದೆ, ಕೂಡಲೇ ಅರಣ್ಯ ಇಲಾಖೆಗೆ ತಿಳಿಸಲಿ. ಮರಣೋತ್ತರ ಪರೀಕ್ಷೆಯಲ್ಲಿ ಎಕ್ಸ್-ರೇ ತೆಗೆಯಬೇಕು, ಯಕೃತ್ತಿನ ಸೀಸ ಅಳೆಯಬೇಕು ಎಂದು ಲಿಖಿತವಾಗಿ ಕೇಳಲಿ. ಅರ್ಜಿಯ ಒಂದು ಪ್ರತಿ ನಮ್ಮ ಬಳಗಕ್ಕೂ ತಲುಪಲಿ.