ಎಡಗೈಗೆ ಬಳೆ ಬೇಡ

ಹೋದ ತಿಂಗಳು ಈ ಅಂಕಣದಲ್ಲಿ ಡಯಾಲಿಸಿಸ್ ಊಟದ ಬಗ್ಗೆ ಬರೆದಿದ್ದೆ. ತರಕಾರಿ ಬೇಯಿಸಿ, ಆ ನೀರು ಬಸಿದು ಚೆಲ್ಲಿ, ಆಮೇಲೆ ಹುಳಿ ಮಾಡುವ ಅಮ್ಮನ ಸರ್ಕಸ್ ಬಗ್ಗೆ. ಓದಿದವರು ರೆಸಿಪಿ ಕೇಳಬಹುದು ಅಂದ್ಕೊಂಡಿದ್ದೆ. ಬಂದ ಮೇಲ್‌ಗಳೇ ಬೇರೆ. ‘ಮೇಡಂ, ನಿಮಗೆ ಮದುವೆ ಆಗಿದೆಯಾ?’ ಅಂತ ಒಬ್ಬರು. ‘ನನ್ನ ತಂಗಿಗೂ ಇದೇ ತೊಂದರೆ, ಗಂಡು ನೋಡಬಹುದಾ, ಬಿಟ್ಟುಬಿಡೋದಾ?’ ಅಂತ ಇನ್ನೊಬ್ಬರು. 26 ವರ್ಷದ ಒಬ್ಬ ಹುಡುಗಿ ಬರೆದದ್ದು ಒಂದೇ ಸಾಲು: ‘ಅಕ್ಕಾ, ನಮ್ಮಂಥವರನ್ನ ಯಾರಾದ್ರೂ ಇಷ್ಟಪಡ್ತಾರಾ?’

ಅವಳಿಗೆ ಉತ್ತರ ಬರೆಯೋಕೆ ಮೂರು ಸಲ ಕೂತೆ, ಮೂರು ಸಲ ಎದ್ದೆ. ಮೊನ್ನೆ ಭಾನುವಾರ ತಿಪಟೂರಿಗೆ ಹೋಗಿಬಂದ ಮೇಲೆ, ಗೊತ್ತಿರೋ ಅಷ್ಟನ್ನಾದರೂ ಬರೆಯೋಣ ಅನ್ನಿಸಿತು.

ತಿಪಟೂರು ನಮ್ಮ ಅತ್ತಿಗೆಯ ತವರು. ಅವರ ಸೀಮಂತ. ತೆಂಗಿನ ಸೀಮೆಗೆ ಹೋದರೆ ಬಾಗಿಲಲ್ಲೇ ಎಳನೀರು ಕೆತ್ತಿ ಕೈಗೆ ಕೊಡ್ತಾರೆ. ನಾನು ಬೇಡ ಅಂದೆ. ‘ಅಯ್ಯೋ, ಕಿಡ್ನಿಗೆ ಎಳನೀರು ತುಂಬಾ ಒಳ್ಳೇದಮ್ಮಾ’ ಅಂದರು ಒಬ್ಬ ಅಜ್ಜಿ. ಕೆಲಸ ಮಾಡೋ ಕಿಡ್ನಿ ಇದ್ದವರಿಗೆ ಒಳ್ಳೇದೇ ಇರಬಹುದು. ನನ್ನ ಮೈಯಲ್ಲಿ ಸೇರಿದ ಪೊಟ್ಯಾಸಿಯಂ ತಾನಾಗಿ ಹೊರಗೆ ಹೋಗಲ್ಲ, ಜಾಸ್ತಿಯಾದರೆ ಹೃದಯದ ತಾಳವೇ ತಪ್ಪುತ್ತೆ. ಇದನ್ನೆಲ್ಲ ಅಂಗಳದಲ್ಲಿ ನಿಂತು ವಿವರಿಸೋಕೆ ಆಗುತ್ತಾ? ‘ಈಗಷ್ಟೇ ಕುಡಿದೆ ಅಜ್ಜಿ’ ಅಂದು ಒಳಗೆ ಹೋದೆ.

ಆರತಿಗೆ ಮೊದಲು ಬಳೆ ಶಾಸ್ತ್ರ. ಅತ್ತಿಗೆಗೆ ಹಸಿರು ಗಾಜಿನ ಬಳೆ ತೊಡಿಸಿದ ಮೇಲೆ ಬಂದ ಹೆಂಗಸರೆಲ್ಲ ಸಾಲಾಗಿ ಕೂತು ಕೈ ಚಾಚಬೇಕು. ನನ್ನ ಸರದಿ ಬಂದಾಗ ಬಲಗೈ ಮಾತ್ರ ಚಾಚಿದೆ. ಎಡಗೈ ಸೆರಗಿನ ಒಳಗಿತ್ತು. ಬಳೆ ಇಡುತ್ತಿದ್ದಾಕೆ ‘ಇನ್ನೊಂದು ಕೈ ಕೊಡಿ’ ಅಂದರು. ಪಕ್ಕದಲ್ಲಿದ್ದ ಅದೇ ಅಜ್ಜಿ, ‘ಮದುವೆ ಆಗಬೇಕಾದ ಹುಡುಗಿ, ಒಂದು ಕೈ ಬೋಳು ಬಿಡಬಾರ್ದು ಕಣಮ್ಮ’ ಅಂದರು.

ನನ್ನ ಎಡಗೈಯ ಮಣಿಕಟ್ಟಿನ ಹತ್ತಿರ ಫಿಸ್ಟುಲಾ ಇದೆ. ಶುದ್ಧ ರಕ್ತದ ನಾಳವನ್ನೂ ಮಲಿನ ರಕ್ತದ ನಾಳವನ್ನೂ ಸಣ್ಣ ಆಪರೇಷನ್ ಮಾಡಿ ಜೋಡಿಸಿರ್ತಾರೆ. ಕೆಲವು ವಾರದಲ್ಲಿ ಆ ನಾಳ ಉಬ್ಬಿ, ದಪ್ಪ ಸೂಜಿ ತಡೆಯುವಷ್ಟು ಗಟ್ಟಿಯಾಗುತ್ತೆ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ಎರಡು ಸೂಜಿ ಅಲ್ಲೇ. ನಾನು ಬದುಕಿರೋದು ಆ ಎರಡು ಇಂಚು ಜಾಗದಿಂದ. ಹಾಗಾಗಿ ಆ ಕೈಗೆ ಬಿಗಿ ವಾಚ್ ಇಲ್ಲ, ಬಳೆ ಇಲ್ಲ, ಬಿಪಿ ಪಟ್ಟಿ ಸುತ್ತಂಗಿಲ್ಲ, ಆ ಮಗ್ಗುಲಿಗೆ ತಲೆ ಇಟ್ಟು ಮಲಗಂಗಿಲ್ಲ.

ನಾನು ಬಾಯಿ ತೆರೆಯೋ ಮೊದಲೇ ಅತ್ತಿಗೆ ಮಣೆ ಮೇಲಿಂದ ಹೇಳಿದರು: ‘ಅವಳ ಎಡಗೈಗೆ ಬಳೆ ಬೇಡ. ಎರಡು ಕೈದೂ ಬಲಗೈಗೇ ಇಡಿ.’ ಬಲಗೈ ತುಂಬಾ ಬಳೆ ಆಯ್ತು. ಎದ್ದು ಹಿತ್ತಲಿಗೆ ಹೋಗಿ ಸ್ವಲ್ಪ ಅತ್ತೆ.

ಅತ್ತದ್ದು ಯಾಕೆ ಅಂತ ಹೇಳಬೇಕಾದರೆ ಹಿಂದಿನದು ಸ್ವಲ್ಪ ಬೇಕು. 28ಕ್ಕೆ ತಲೆನೋವು ಶುರುವಾಯ್ತು. ಲ್ಯಾಪ್‌ಟಾಪ್ ನೋಡಿ ನೋಡಿ ಅಂದ್ಕೊಂಡು ಕನ್ನಡಕ ಮಾಡಿಸಿದೆ. ಮೂತ್ರದಲ್ಲಿ ನೊರೆ ಬರ್ತಿತ್ತು, ಅದನ್ನ ಯಾರಿಗೆ ಹೇಳೋದು ಅಂತ ಸುಮ್ಮನಾದೆ. ಕಡೆಗೆ ಕ್ಲಿನಿಕ್‌ನಲ್ಲಿ ಬಿಪಿ ನೋಡಿದ ಡಾಕ್ಟ್ರು ಮತ್ತೊಮ್ಮೆ ನೋಡಿ, ಮೂರನೇ ಸಲವೂ ನೋಡಿದರು. 190. ಕ್ರಿಯಾಟಿನಿನ್ 9. ಐಜಿಎ ನೆಫ್ರೋಪಥಿ ಅಂತ ಹೆಸರು. ನೋವಿಲ್ಲದೆ ವರ್ಷಗಟ್ಟಲೆ ಕಿಡ್ನಿಯನ್ನ ಒಳಗೊಳಗೇ ತಿಂದು ಹಾಕೋ ಕಾಯಿಲೆ. (ಇದನ್ನು ಓದ್ತಿರೋ ನೀವು ಮೂವತ್ತರ ಆಸುಪಾಸಿನವರಾದರೆ, ವರ್ಷಕ್ಕೊಮ್ಮೆ ಬಿಪಿ ಮತ್ತು ಒಂದು ಮೂತ್ರ ಪರೀಕ್ಷೆ ಮಾಡಿಸ್ಕೊಳ್ಳಿ. ನಾನು ಕನ್ನಡಕಕ್ಕೆ ಕೊಟ್ಟಿದ್ದಕ್ಕಿಂತ ಕಡಿಮೆ ಖರ್ಚು.)

ಅಪ್ಪ ಇಲ್ಲ. ಅಮ್ಮನಿಗೆ ಶುಗರ್ ಇದೆ, ಅವಳ ಕಿಡ್ನಿ ಬೇಡ ಅಂದರು. ಅಣ್ಣನದೂ ನನ್ನದೂ ಒಂದೇ ಗುಂಪು, ಓ ಪಾಸಿಟಿವ್. ಅವನು ಯಾರಿಗೂ ಹೇಳದೆ ಟೆಸ್ಟ್ ಮಾಡಿಸ್ಕೊಂಡು ಬಂದ. ಆಗ ಅತ್ತಿಗೆಗೆ ಮೂರು ತಿಂಗಳು. ರಿಪೋರ್ಟ್ ಅವರ ಕಣ್ಣಿಗೆ ಬಿತ್ತು. ಜಗಳ ಏನೂ ಆಗಲಿಲ್ಲ, ಆದರೆ ಆ ವಾರ ಅತ್ತಿಗೆ ನನ್ನ ಜೊತೆ ಮಾತಾಡಲಿಲ್ಲ. ತಪ್ಪು ಅಂತ ನಾನು ಹೇಳಲ್ಲ. ಹೊಟ್ಟೆಯಲ್ಲಿ ಮಗು ಇಟ್ಕೊಂಡು ಗಂಡನ್ನ ಆಪರೇಷನ್ ಟೇಬಲ್ ಮೇಲೆ ಊಹಿಸ್ಕೊಳ್ಳೋದು ಸುಲಭನಾ? ‘ನಂಗೆ ಬೇಡ’ ಅಂತ ಅಣ್ಣನಿಗೆ ನಾನೇ ಹೇಳಿದೆ. ಆಸ್ಪತ್ರೆಯ ಮೂಲಕ ನಮ್ಮ ರಾಜ್ಯದ ಜೀವಸಾರ್ಥಕತೆ ಪಟ್ಟಿಯಲ್ಲಿ ಹೆಸರು ಬರೆಸಿದೆ. ಮಿದುಳು ನಿಷ್ಕ್ರಿಯವಾದವರ ಮನೆಯವರು ಒಪ್ಪಿ ದಾನ ಮಾಡಿದ ಅಂಗಗಳನ್ನ ಸರದಿ ಪ್ರಕಾರ ಹಂಚೋದು ಅವರೇ. ಓ ಗುಂಪಿನವರಿಗೆ ಸಾಮಾನ್ಯವಾಗಿ ಓ ಗುಂಪಿನ ಕಿಡ್ನಿಯೇ ಬೇಕು, ಹಾಗಾಗಿ ಕಾಯೋದೂ ಉದ್ದ.

ಈ ನಡುವೆ ಮನೆಯಲ್ಲಿ ಯಾರೋ ಒಂದು ಐಡಿಯಾ ಹೇಳಿದರು. 1994ರ ಅಂಗಾಂಗ ಕಸಿ ಕಾನೂನಿನಲ್ಲಿ ಹತ್ತಿರದ ಸಂಬಂಧಿಗಳ ಪಟ್ಟಿ ಇದೆ. ಅಪ್ಪ, ಅಮ್ಮ, ಮಕ್ಕಳು, ಒಡಹುಟ್ಟಿದವರ ಜೊತೆ ಗಂಡ-ಹೆಂಡತಿಯೂ ಇದ್ದಾರೆ. ‘ಹಂಗಾದ್ರೆ ಬೇಗ ಮದುವೆ ಮಾಡಿಬಿಡಿ’ ಅಂದರು ನಮ್ಮ ಸೋದರತ್ತೆ, ತಮಾಷೆಯೇನೂ ಅಲ್ಲ, ಗಂಭೀರವಾಗಿ. ನಂಗೆ ಹೊಟ್ಟೆ ತೊಳಸಿದ ಹಾಗಾಯ್ತು. ನಮ್ಮ ದೇಶದಲ್ಲಿ ಬದುಕಿರುವಾಗ ಕಿಡ್ನಿ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು, ತಗೊಳ್ಳುವವರಲ್ಲಿ ಹೆಚ್ಚಿನವರು ಗಂಡಸರು. ನಮ್ಮ ಯೂನಿಟ್‌ನಲ್ಲೇ ನೋಡಿದೀನಿ, ಹೆಂಡತಿ ಕೊಟ್ಟು ಎದ್ದು ಹೋದ ಗಂಡಂದಿರು ಇಬ್ಬರು. ಗಂಡ ಕೊಟ್ಟ ಹೆಂಡತಿ ಇನ್ನೂ ಕಂಡಿಲ್ಲ.

ಆದರೂ ಮ್ಯಾಟ್ರಿಮೊನಿ ಪ್ರೊಫೈಲ್ ಹಾಕಿದೆ. ಕಿಡ್ನಿಗಾಗಿ ಅಲ್ಲ. ಸಂಜೆ ಆರಕ್ಕೆ ಯಾರಾದರೂ ‘ಏನ್ ಮಾಡ್ತಿದೀರಾ?’ ಅಂತ ಕೇಳಲಿ ಅನ್ನಿಸ್ತಿತ್ತು, ಅಷ್ಟೇ. ಕಾಯಿಲೆ ವಿಷಯ ಬರೆಯದೇ ಇದ್ದಾಗ ವಾರಕ್ಕೆ ಹತ್ತು ಹನ್ನೆರಡು ಜನ ಆಸಕ್ತಿ ತೋರಿಸ್ತಿದ್ದರು. ‘ಡಯಾಲಿಸಿಸ್‌ನಲ್ಲಿದ್ದೇನೆ’ ಅಂತ ಒಂದು ಸಾಲು ಸೇರಿಸಿದ ಮೇಲೆ ಎರಡು ತಿಂಗಳು ಸದ್ದೇ ಇಲ್ಲ. ಆಮೇಲೆ ಒಬ್ಬರು ಫೋನ್ ಮಾಡಿ, ‘ನಿಮ್ಮಂಥವರಿಗೆ ಬಾಳು ಕೊಡಬೇಕು ಅಂತ ನನಗೆ ಮೊದಲಿಂದ ಆಸೆ’ ಅಂದರು. ಬಾಳು ಈಗಾಗಲೇ ಇದೆ ಸಾರ್, ಬಾಡಿಗೆ ಕಟ್ಟಿ ಇಟ್ಕೊಂಡಿದೀನಿ ಅಂತ ಹೇಳಿ ಇಟ್ಟೆ.

ಆಮೇಲೆ ಬಂದವನು ಬ್ಯಾಂಕ್ ಹುಡುಗ. ಅಮ್ಮ ಇಟ್ಟ ಹೆಸರು. ಹಾಸನದ ಕಡೆಯವನು, ನನಗಿಂತ ಎರಡು ವರ್ಷ ದೊಡ್ಡವನು. ಬಸವನಗುಡಿಯ ಒಂದು ದರ್ಶಿನಿಯಲ್ಲಿ ಸಿಕ್ಕಿದ್ವಿ. ಕಾಫಿ ಹೇಳೋಕೆ ಹೋದವನಿಗೆ, ‘ನಂಗೆ ದಿನಕ್ಕೆ ಒಂದು ಲೀಟರ್ ಒಳಗೇ ಎಲ್ಲಾ. ನೀರು, ಕಾಫಿ, ಮಜ್ಜಿಗೆ, ಸಾರು ಸೇರಿ. ಅರ್ಧ ಲೋಟ ಸಾಕು’ ಅಂದೆ. ಅವನು ಅಯ್ಯೋ ಪಾಪ ಅನ್ನಲಿಲ್ಲ. ಕೌಂಟರ್‌ನಲ್ಲಿ ‘ಒಂದು ಬೈಟು ಕಾಫಿ’ ಅಂತ ಹೇಳಿ ಎರಡು ಲೋಟ ತಂದ. ಬೆಂಗಳೂರಲ್ಲಿ ಇಷ್ಟು ವರ್ಷ ಬೈಟು ಕುಡಿದಿದೀನಿ, ಅದು ನನ್ನ ಕಾಯಿಲೆಗೆ ಹೇಳಿ ಮಾಡಿಸಿದ ಅಳತೆ ಅಂತ ಹೊಳೆದಿರಲೇ ಇಲ್ಲ.

ಮೂರನೇ ಭೇಟಿಯಲ್ಲಿ ಅವನು ಲೋಟ ಕೆಳಗಿಟ್ಟು, ‘ಒಂದು ಕೇಳಲಾ? ಬೇಜಾರ್ ಮಾಡ್ಕೋಬೇಡಿ. ಮದುವೆ ಆದ್ರೆ ನಾನು ಕಿಡ್ನಿ ಕೊಡಬೇಕಾಗುತ್ತಾ?’ ಅಂದ.

ಬ್ಯಾಗ್ ಎತ್ಕೊಂಡು ಎದ್ದೆ. ಎಲ್ಲರೂ ಲೆಕ್ಕ ಹಾಕೋರೇ ಅನ್ನಿಸಿತು. ಎದ್ದವಳು ಯಾಕೋ ಮತ್ತೆ ನಿಂತೆ. ಇಷ್ಟು ದಿನ ಫೋನ್ ತೆಗೆಯದೇ ಹೋದವರೆಲ್ಲ ಮನಸ್ಸಲ್ಲಿ ಇದನ್ನೇ ಕೇಳ್ಕೊಂಡಿರ್ತಾರೆ. ನನ್ನ ಮುಖ ನೋಡಿ ಕೇಳಿದ್ದು ಇವನೊಬ್ಬ.

‘ನಾನು ಯಾವತ್ತೂ ಕೇಳಲ್ಲ’ ಅಂದೆ.

‘ನೀವು ಕೇಳಲ್ಲ. ಆದ್ರೆ ನೀವು ಸುಸ್ತಾಗಿ ಮಲಗಿದಾಗೆಲ್ಲ ನಂಗೇ ಅನ್ಸುತ್ತಲ್ವಾ, ನಂದು ಕೊಡದೇ ಇದೀನಿ ಅಂತ? ಅದನ್ನ ಹೇಗೆ ತಡ್ಕೊಳ್ಳೋದು ಅಂತ ಯೋಚನೆ ಮಾಡ್ತಿದೀನಿ. ಭಯ ಆಗುತ್ತೆ.’

ನನ್ನ ಹತ್ರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ಆ ವಾರ ಡಯಾಲಿಸಿಸ್ ಬೆಡ್ ಮೇಲೆ ಬಲಗೈಯಲ್ಲಿ ಫೋನ್ ಹಿಡಿದು ಮೊದಲ ಯಶಸ್ವಿ ಕಿಡ್ನಿ ಕಸಿಯ ಕತೆ ಓದಿದೆ. 1954ರ ಡಿಸೆಂಬರ್ 23, ಬಾಸ್ಟನ್. ರಿಚರ್ಡ್ ಹೆರಿಕ್ ಅನ್ನೋ 23ರ ಹುಡುಗನಿಗೆ ಅವನ ಅವಳಿ ಸೋದರ ರೊನಾಲ್ಡ್ ಕಿಡ್ನಿ ಕೊಟ್ಟ. ಆಪರೇಷನ್ ಮಾಡಿದ ಜೋಸೆಫ್ ಮರ್ರಿಗೆ ಮುಂದೆ 1990ರಲ್ಲಿ ನೊಬೆಲ್ ಬಂತು. ನನ್ನನ್ನ ಹಿಡಿದಿಟ್ಟದ್ದು ಅದಲ್ಲ. ಹಿಂದಿನ ರಾತ್ರಿ ರಿಚರ್ಡ್ ತನ್ನ ಸೋದರನಿಗೆ ಚೀಟಿ ಕಳಿಸಿ, ನೀನು ಮನೆಗೆ ಹೊರಟುಹೋಗು ಅಂದನಂತೆ. ರೊನಾಲ್ಡ್ ಹೋಗಲಿಲ್ಲ. ಅಣ್ಣನಿಗೆ ‘ನಂಗೆ ಬೇಡ’ ಅಂದ ನನಗೆ, ಆ ಚೀಟಿ ಬರೆದ ಕೈ ಗೊತ್ತು.

ರಿಚರ್ಡ್ ಆಮೇಲೆ ತನ್ನನ್ನ ನೋಡಿಕೊಂಡ ನರ್ಸ್ ಕ್ಲೇರ್‌ಳನ್ನೇ ಮದುವೆಯಾದ, ಎರಡು ಮಕ್ಕಳಾದವು. ಇದನ್ನ ಜೋರಾಗಿ ಓದಿದಾಗ ನಮ್ಮ ಯೂನಿಟ್ಟಿನ ಸಿಸ್ಟರ್, ‘ನಂಗೆ ಮದುವೆ ಆಗಿದೆಯಮ್ಮಾ, ನೀವು ಬೇರೆ ನೋಡ್ಕೊಳ್ಳಿ’ ಅಂದರು. ಅವನು ಬದುಕಿದ್ದು ಎಂಟು ವರ್ಷ. ಕ್ಲೇರ್‌ಗೆ ಮದುವೆ ದಿನ ಇದು ಎಷ್ಟು ವರ್ಷದ್ದು ಅಂತ ಯಾರೂ ಹೇಳಿರೋಕೆ ಸಾಧ್ಯ ಇರಲಿಲ್ಲ. ನರ್ಸ್ ಆಗಿದ್ದವಳಿಗೆ ಅಪಾಯ ಗೊತ್ತಿರಲಿಲ್ಲ ಅಂತಲೂ ಅಲ್ಲ. ಕಸಿಯ ಔಷಧಿಗಳು ಅಲ್ಲಿಂದ ತುಂಬಾ ದೂರ ಬಂದಿವೆ, ಈಗ ಅದಕ್ಕಿಂತ ಹೆಚ್ಚು ಕಾಲ ಬದುಕೋರು ಬೇಕಾದಷ್ಟಿದ್ದಾರೆ. ಆದ್ರೂ ಎಂಟು ಅನ್ನೋ ಸಂಖ್ಯೆ ಎರಡು ದಿನ ತಲೆಯಲ್ಲಿ ಸುತ್ತುತ್ತಿತ್ತು. ಎಂಟು ವರ್ಷ ಕಡಿಮೆಯಾ?

ಇನ್ನೊಬ್ಬಳಿದ್ದಾಳೆ, ಈಡಿತ್ ಹೆಲ್ಮ್. 1956ರಲ್ಲಿ 21ನೇ ವಯಸ್ಸಿಗೆ ಅವಳಿ ಅಕ್ಕತಂಗಿಯಿಂದ ಕಿಡ್ನಿ ಪಡೆದವಳು. 1958ರಲ್ಲಿ ಅವಳಿಗೆ ಮಗುವಾಯ್ತು, ಕಸಿಯಾದ ಹೆಣ್ಣೊಬ್ಬಳು ಹೆತ್ತ ಮೊದಲ ಮಗು ಅದು. ಅವಳು ಬದುಕಿದ್ದು 2011ರವರೆಗೆ. ಹಾಸನದ ಅಮ್ಮ ಕೇಳೋ ಮೊದಲ ಪ್ರಶ್ನೆ ಮಕ್ಕಳದ್ದೇ ಆಗಿರುತ್ತೆ ಅಂತ ನಂಗೊತ್ತು. ನಮ್ಮ ಡಾಕ್ಟ್ರನ್ನ ಕೇಳಿ ಇಟ್ಕೊಂಡಿದೀನಿ: ಕಸಿಯಾಗಿ ಕನಿಷ್ಠ ಒಂದು ವರ್ಷ ಕಾಯಬೇಕು, ಕೆಲವು ಮಾತ್ರೆ ಬದಲಿಸಬೇಕು, ಎಲ್ಲರಿಗೂ ಆಗುತ್ತೆ ಅಂತಿಲ್ಲ, ಆಗಲ್ಲ ಅಂತಲೂ ಇಲ್ಲ. ಅವರ ಅಮ್ಮನಿಗೆ ಇನ್ನೂ ವಿಷಯ ಗೊತ್ತಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ಹೇಳ್ತೀನಿ ಅಂದಿದ್ದಾನೆ. ಹೇಳಬಹುದು, ಹೇಳದೇನೂ ಇರಬಹುದು.

ಹಿತ್ತಲಲ್ಲಿ ಅಳ್ತಿದ್ದಾಗ ಅತ್ತಿಗೆ ಏಳು ತಿಂಗಳ ಹೊಟ್ಟೆ ಹೊತ್ಕೊಂಡು ಹುಡುಕ್ಕೊಂಡು ಬಂದರು. ‘ಹೆರಿಗೆ ಆಗಲಿ, ಆಮೇಲೆ ನಿಮ್ಮಣ್ಣನ ವಿಷಯ ಕೂತು ಮಾತಾಡೋಣ. ಈಗ ಏನೂ ಮಾತು ಕೊಡಲ್ಲ ನಾನು’ ಅಂದರು. ‘ಕೊಡಬೇಡಿ ಅತ್ತಿಗೆ’ ಅಂದೆ. ನನ್ನ ಬಲಗೈ ಹಿಡ್ಕೊಂಡು, ಬಳೆ ಬಿಗಿಯಾಯ್ತಾ ಅಂತ ನೋಡಿದರು.

ಈಗ ಆ 26ರ ತಂಗಿಗೆ. ಹೌದು ಅಂತ ಬರೆಯೋಕೆ ನನ್ನ ಹತ್ರ ಪುರಾವೆ ಇಲ್ಲ. ಇರೋದು ಮೊನ್ನೆ ಗುರುವಾರ ನಡೆದದ್ದು. ಬೆಳಿಗ್ಗೆ ಆರರ ಶಿಫ್ಟ್ ಮುಗಿಸಿ ಕೆಳಗೆ ಬಂದೆ. ಡಯಾಲಿಸಿಸ್ ಆದ ತಕ್ಷಣ ಮೈಯೆಲ್ಲ ಹಿಂಡಿದ ಬಟ್ಟೆ ಥರ ಇರುತ್ತೆ, ಎರಡು ಕೇಜಿ ನೀರು ಹೊರಗೆ ಹೋಗಿರುತ್ತೆ. ಬ್ಯಾಂಕ್ ಹುಡುಗ ಅರ್ಧ ದಿನ ರಜೆ ಹಾಕಿ ಬೆಂಚ್ ಮೇಲೆ ಕೂತಿದ್ದ. ‘ಯೋಚನೆ ಮುಗೀತಾ?’ ಅಂದೆ. ‘ಇಲ್ಲ’ ಅಂದ. ಆಮೇಲೆ ಪ್ಲಾಸ್ಟರ್ ಹಾಕಿದ್ದ ನನ್ನ ಎಡಗೈ ನೋಡಿ, ‘ಅದು ಒಳಗೆ ಜುಮ್ ಅಂತ ಇರುತ್ತೆ ಅಂದಿದ್ರಲ್ಲ, ಮುಟ್ಟಿ ನೋಡಲಾ?’ ಅಂದ.

ಅಮ್ಮ ಬಿಟ್ಟರೆ, ಆಸ್ಪತ್ರೆಯ ಹೊರಗಿನವರು ಯಾರೂ ಆ ಜಾಗ ಮುಟ್ಟಿಲ್ಲ. ತೋಳು ಮೇಲೆತ್ತಿ ಕೊಟ್ಟೆ. ಪ್ಲಾಸ್ಟರ್ ತಪ್ಪಿಸಿ, ಎರಡು ಬೆರಳು ಮೆಲ್ಲಗೆ ಇಟ್ಟ. ರಕ್ತ ರಭಸವಾಗಿ ಹರಿಯುವಾಗ ಆಗೋ ಆ ಕಂಪನ ಅವನ ಬೆರಳಿಗೆ ತಾಗಿತು. ತುಂಬಾ ಹೊತ್ತು ಬೆರಳು ತೆಗೆಯಲಿಲ್ಲ.

‘ನಮ್ಮನೆ ಹಳೇ ಫ್ರಿಜ್ ಮೇಲೆ ಕೈ ಇಟ್ಟ ಹಾಗಿದೆ’ ಅಂದ.

ನಗು ತಡೆಯೋಕೆ ಆಗಲಿಲ್ಲ. ಎದುರಿನ ಹೋಟೆಲಿಗೆ ಹೋಗಿ ಒಂದು ಬೈಟು ಕುಡಿದ್ವಿ. ಮುಂದಿನ ಗುರುವಾರ ಅವನಿಗೆ ಆಡಿಟ್ ಇದೆಯಂತೆ, ಶನಿವಾರ ಬರ್ತಾನಂತೆ.