ತೊಟ್ಟಿಯ ತಾವರೆಗೆ ಎಷ್ಟು ಜಾಗ?

ಮನೆಯಂಗಳದಲ್ಲಿ ಒಂದು ನೀರುತೊಟ್ಟಿ ಇರಬೇಕು, ಅದರಲ್ಲಿ ತಾವರೆ ಅರಳಬೇಕು, ಎಲೆಗಳ ನೆರಳಿನಲ್ಲಿ ನಾಲ್ಕಾರು ಮೀನುಗಳು ಆಡಬೇಕು ಎಂಬ ಆಸೆಯುಳ್ಳ ಗೃಹಸ್ಥರು ನಮ್ಮ ವಾಚಕರಲ್ಲಿ ಅನೇಕರಿರುವರು. ಹೊಸಪೇಟೆಯ ಬೇಸಗೆಯನ್ನು ಕಂಡವರಾರೂ ಈ ಆಸೆಯನ್ನು ಹಳಿಯಲಾರರು. ಕಲ್ಲೂ ಮಣ್ಣೂ ಕಾದು ಕೆಂಡವಾಗುವ ವೈಶಾಖದಲ್ಲಿ ನೀರಿನ ಮೇಲೆ ಒಂದಿಷ್ಟು ಹಸುರು ತೇಲುತ್ತಿದ್ದರೆ ಕಣ್ಣಿಗೆ ಅದೇ ತಂಪು. ಆದರೆ ತೊಟ್ಟಿಯನ್ನು ಕಟ್ಟಿಸುವಾಗ ಗಾರೆಯವನೊಡನೆ ಎರಡು ದಿನ ಚರ್ಚಿಸುವವರು, ಗೆಡ್ಡೆಯನ್ನು ಎಲ್ಲಿ ಇಡಬೇಕೆಂಬುದನ್ನು ಎರಡು ನಿಮಿಷವೂ ಯೋಚಿಸುವುದಿಲ್ಲ. ಮೊದಲ ವರ್ಷ ಎಲ್ಲವೂ ಚೆಲುವಾಗಿಯೇ ಕಾಣುತ್ತದೆ. ತೊಂದರೆ ಬರುವುದು ಎರಡನೆಯ ವರ್ಷದಲ್ಲಿ.

ಕಂಪ್ಲಿಯ ಕಡೆಯ ಬಾಳೆತೋಟದ ರೈತನನ್ನು ನೋಡಿರಿ. ಮೊಳದುದ್ದದ ಕಂದನ್ನು ನೆಡುವಾಗ ಆತನು ಅದಕ್ಕೂ ಪಕ್ಕದ ಕಂದಿಗೂ ನಡುವೆ ಸುಮಾರು ಆರಡಿ ಅಂತರ ಬಿಡುತ್ತಾನೆ. ಹೊಸಬರು ನೋಡಿದರೆ ಭೂಮಿ ವ್ಯರ್ಥವಾಯಿತೆಂದುಕೊಂಡಾರು. ಆತನ ಕಣ್ಣು ಇರುವುದು ಕೈಯಲ್ಲಿರುವ ಕಂದಿನ ಮೇಲಲ್ಲ, ಮುಂದೆ ಎಲೆಹರಡಿ ನಿಲ್ಲಲಿರುವ ಬಾಳೆಯ ಮೇಲೆ. ತೊಟ್ಟಿಯ ಒಡೆಯರೂ ಇದೇ ಕಣ್ಣಿನಿಂದ ನೋಡತಕ್ಕದ್ದು.

ಅಂಗಡಿಯಿಂದಲೋ ಅಂಚೆಯಿಂದಲೋ ಬರುವ ತಾವರೆಯ ಗೆಡ್ಡೆ ಒಂದು ಗೇಣಿರಬಹುದು. ಮೊದಲು ಬಿಡುವ ಎಲೆಗಳು ಅಂಗೈಯಗಲ, ನೀರಿನ ಮೇಲೆಯೇ ಮಲಗಿರುತ್ತವೆ. ಬಳಿಕ ಬರುವವು ಹಾಗಲ್ಲ. ಮುಳ್ಳುಮುಳ್ಳಾದ ದಂಟಿನ ಮೇಲೆ ನೀರಿನಿಂದ ಎರಡು ಮೂರಡಿ ಎದ್ದು, ಒಂದರಿಂದ ಎರಡಡಿ ಅಗಲಕ್ಕೆ ಕೊಡೆ ಹಿಡಿದಂತೆ ನಿಲ್ಲುತ್ತವೆ. ಈ ಹೊತ್ತಿಗೆ ಕೆಸರಿನೊಳಗಿನ ಗೆಡ್ಡೆ ಹಲವಾರು ಅಡಿ ಹರಿದಿರುತ್ತದೆ. ನಾಲ್ಕಡಿ ಉದ್ದ ಮೂರಡಿ ಅಗಲದ ತೊಟ್ಟಿಯ ಮೇಲ್ಮೈ ಹನ್ನೆರಡು ಚದರಡಿ. ಒಂದೂವರೆ ಅಡಿ ಅಗಲದ ಒಂದು ಎಲೆ ಹೆಚ್ಚುಕಡಿಮೆ 1.75 ಚದರಡಿ. ಏಳು ಎಲೆ ಬಂದರೆ ತೊಟ್ಟಿಯಷ್ಟೇ ಅಗಲವಾಯಿತು! ಬಲಿತ ತಾವರೆಗೆ ಏಳು ಎಲೆ ಏನೇನೂ ಅಲ್ಲ. ಹಂಪಿಯ ಮಂಟಪಗಳ ಸೂರಿನಲ್ಲಿ ಶಿಲ್ಪಿಗಳು ಕೊರೆದಿಟ್ಟ ತಾವರೆ ಇಟ್ಟಲ್ಲಿಯೇ ಇರುತ್ತದೆ. ನೀರಿನ ತಾವರೆಗೆ ಆ ಗುಣವಿಲ್ಲ.

ನೈದಿಲೆಯ ನಡತೆ ಬೇರೆ. ಅದರ ಎಲೆ ನೀರಿಗೆ ಅಂಟಿಕೊಂಡೇ ಇರುತ್ತದೆ, ಗೆಡ್ಡೆಯೂ ತಾವರೆಯಷ್ಟು ಓಡಾಡುವುದಿಲ್ಲ. ಚಿಕ್ಕ ತೊಟ್ಟಿಯುಳ್ಳವರಿಗೆ ನಮ್ಮ ಸಲಹೆ ನೈದಿಲೆಯೇ. ತಾವರೆಯೇ ಬೇಕೆಂಬವರು ಅದನ್ನು ತೊಟ್ಟಿಯ ತಳದ ಕೆಸರಿನಲ್ಲಿ ಎಂದಿಗೂ ನೆಡಬಾರದು; ಒಂದೂವರೆ ಎರಡಡಿ ಅಗಲದ ಬೇರೊಂದು ಪಾತ್ರೆಯಲ್ಲಿ ನೆಟ್ಟು, ಆ ಪಾತ್ರೆಯನ್ನು ತೊಟ್ಟಿಯೊಳಗೆ ಇಳಿಸಬೇಕು. ಪಾತ್ರೆ ದುಂಡಗಿರಲಿ. ಮೂಲೆಗಳಿದ್ದರೆ ಓಡುವ ಕುಡಿ ಮೂಲೆಗೆ ಹೊಕ್ಕು ತಿರುಗಲಾರದೆ ಮುರಿಯುವುದುಂಟು. ಕುಡಿ ಮುರಿದ ಗೆಡ್ಡೆ ಕೊಳೆಯುತ್ತದೆ. ಗೆಡ್ಡೆಯ ಬಾಲವನ್ನು ಅಂಚಿಗೂ ಕುಡಿಯನ್ನು ನಡುವಿಗೂ ಮಾಡಿ ಓರೆಯಾಗಿ ಮಲಗಿಸಿ, ಕುಡಿಯನ್ನು ಮಾತ್ರ ಮಣ್ಣಿನ ಹೊರಗೆ ಬಿಡುವುದು ಲೇಸು. ಮಣ್ಣಿನ ಮೇಲೆ ಮೊದಮೊದಲು ನಾಲ್ಕೈದು ಅಂಗುಲ ನೀರು ಸಾಕು.

ಮಣ್ಣಿಗೆ ಹೊಲದ ಎರೆಮಣ್ಣು, ಇಲ್ಲವೆ ಗದ್ದೆಯ ಜಿಗುಟು ಮಣ್ಣು ಉತ್ತಮ. ಸಂಡೂರಿನ ಕಡೆಯವರು ಹಿತ್ತಲಿನ ಕೆಂಪು ಮಣ್ಣನ್ನೇ ತುಂಬಬೇಕಾಗಿ ಬಂದರೆ ಮೇಲೊಂದು ಅಂಗುಲ ಮರಳನ್ನು ಹರಡಲಿ. ಇಲ್ಲವಾದರೆ ನೀರು ಬಹುದಿನ ಕುಂಕುಮ ಕದಡಿದಂತಿರುವುದು. ಹಸಿ ಸಗಣಿಯನ್ನು ಹಾಕಲೇಬಾರದು. ಹೊಸ ಸಿಮೆಂಟಿನ ತೊಟ್ಟಿಯಾದರೆ ಎರಡು ಮೂರು ಸಲ ನೀರು ತುಂಬಿ, ಹಲವು ದಿನ ನಿಲ್ಲಿಸಿ, ಚೆಲ್ಲಿದ ಮೇಲೆಯೇ ಮೀನನ್ನು ಬಿಡತಕ್ಕದ್ದು. ಸಿಮೆಂಟು ಬಿಡುವ ಸುಣ್ಣ ಮೀನಿಗೆ ಆಗದು.

ಇನ್ನು ಸ್ಥಾನದ ಮಾತು. ತಾವರೆಗೆ ದಿನಕ್ಕೆ ಆರು ಗಂಟೆಯಷ್ಟಾದರೂ ನೇರ ಬಿಸಿಲು ಬೇಕು. ಹಾಗೆಂದು ಅದನ್ನು ತೊಟ್ಟಿಯ ನಟ್ಟನಡುವೆ ಕೂರಿಸುವುದು ಹೆಚ್ಚಿನವರ ವಾಡಿಕೆ. ನಡುವೆ ಕುಳಿತ ತಾವರೆ ಸುತ್ತಲೂ ಕೊಡೆ ಹರಡಿ, ಕೆಳಗಿನ ನೀರಿಗೆ ಬೆಳಕನ್ನೇ ಬಿಡುವುದಿಲ್ಲ. ನೀರೊಳಗೆ ಮುಳುಗಿ ಬೆಳೆಯುವ ಸಣ್ಣ ಸಸ್ಯಗಳು ಮೊದಲು ಸೊರಗುತ್ತವೆ. ಇದು ಬರಿಯ ಅಂದಚೆಂದದ ಪ್ರಶ್ನೆಯಲ್ಲ. ತಾವರೆಯ ಎಲೆ ಪ್ರಾಣವಾಯುವನ್ನು ಬಿಡುವುದು ಮೇಲಿನ ಗಾಳಿಗೆ. ನೀರಿಗೆ ಪ್ರಾಣವಾಯುವನ್ನು ಕೊಡುವವು ಆ ಮುಳುಗಿದ ಸಸ್ಯಗಳು ಮತ್ತು ತೆರೆದ ನೀರಿನ ಮೇಲೆ ಆಡುವ ಗಾಳಿ. ಎಲೆಗಳು ಎರಡನ್ನೂ ತಡೆಯುತ್ತವೆ. ಅದರ ಮೇಲೆ ನಮ್ಮ ಬೇಸಗೆ: 20 ಡಿಗ್ರಿ ಉಷ್ಣತೆಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಪ್ರಾಣವಾಯುವನ್ನು ಹಿಡಿದಿಡಬಲ್ಲುದಾದರೆ, 30 ಡಿಗ್ರಿಯಲ್ಲಿ ಹಿಡಿಯುವುದು ಸುಮಾರು 7.5 ಮಾತ್ರ. ರಾತ್ರಿ ನೀರಿನಲ್ಲಿರುವ ಸಕಲವೂ, ಕೊಳೆಯುವ ಎಲೆಯೂ ಸಹ, ಅದನ್ನು ವ್ಯಯಮಾಡುತ್ತಲೇ ಇರುತ್ತವೆ. ಆದಕಾರಣವೇ ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುವುದು ನಸುಕಿನಲ್ಲಿ. ಬೆಳಗ್ಗೆ ಸತ್ತ ಮೀನನ್ನು ಕಂಡು ನೆರೆಮನೆಯ ಬೆಕ್ಕನ್ನೋ ಯಾರ ದೃಷ್ಟಿಯನ್ನೋ ದೂರುವವರು ಒಮ್ಮೆ ಬೆಳಗಿನ ಐದು ಗಂಟೆಗೆ ಎದ್ದು ತೊಟ್ಟಿಯ ಬಳಿ ನಿಲ್ಲಲಿ.

ತಾವರೆಯ ಪಾತ್ರೆಯನ್ನು ಒಂದು ಪಕ್ಕಕ್ಕೆ, ಮಧ್ಯಾಹ್ನದ ಮೇಲಣ ಬಿಸಿಲು ಬೀಳುವ ಕಡೆಗೆ ಇಡುವುದು ಸರಿ. ಆಗ ಉರಿಬಿಸಿಲಿನ ಹೊತ್ತು ಎಲೆಗಳ ನೆರಳು ನೀರಿಗೆ ಉಪಕಾರಿಯಾಗುತ್ತದೆ, ಇನ್ನೊಂದು ಪಕ್ಕ ತೆರೆದೇ ಇರುತ್ತದೆ. ಮೇಲ್ಮೈಯ ಅರ್ಧದಷ್ಟಾದರೂ ಬರಿಯ ನೀರಾಗಿರಬೇಕೆಂಬುದು ನಾವು ಹಾಕಿಕೊಂಡಿರುವ ಲೆಕ್ಕ. ಹೆಚ್ಚಾದ ಎಲೆಯನ್ನು ಕತ್ತರಿಸಲು ಹಿಂಜರಿಯಬಾರದು; ಆದರೆ ಎದ್ದು ನಿಂತ ಎಲೆಯ ದಂಟನ್ನು ನೀರಿನ ಮಟ್ಟಕ್ಕಿಂತ ಮೇಲಕ್ಕೇ ಕತ್ತರಿಸತಕ್ಕದ್ದು. ಆ ದಂಟು ಗೆಡ್ಡೆಯವರೆಗೆ ಗಾಳಿಯನ್ನು ಒಯ್ಯುವ ಕೊಳವೆ; ನೀರೊಳಗೆ ಕತ್ತರಿಸಿದರೆ ಕೊಳವೆಗೆ ನೀರು ನುಗ್ಗಿ ಗೆಡ್ಡೆ ಕೊಳೆಯಬಹುದು.

ಸಮುದ್ರದ ನೀರನ್ನು ಗಾಜಿನ ತೊಟ್ಟಿಯಲ್ಲಿ ತುಂಬಿ ಹವಳವನ್ನು ಸಾಕುವ ಹವ್ಯಾಸ ಅಮೆರಿಕ ಮುಂತಾದ ದೇಶಗಳಲ್ಲಿ ಉಂಟು. ಅಲ್ಲಿಯೂ ಕಷ್ಟ ಇದೇ. ತಟ್ಟೆಯ ಆಕಾರದಲ್ಲಿ ಹರಡುವ ಹವಳದ ಜಾತಿಗಳನ್ನು ಅಂಗೈಯಗಲದ ತುಂಡಾಗಿ ತಂದು ಎತ್ತರದ ಕಲ್ಲಿನ ಮೇಲೆ ಇಟ್ಟರೆ, ಕೆಲವು ವರ್ಷಗಳಲ್ಲಿ ಅದು ಊಟದ ತಟ್ಟೆಯನ್ನು ಮೀರಿ, ಕೆಳಗಿನ ಹವಳಗಳಿಗೆ ಬೆಳಕನ್ನೂ ನೀರಿನ ಹರಿವನ್ನೂ ತಪ್ಪಿಸುತ್ತದೆ. ಬಲ್ಲವರು ಅದನ್ನು ತಗ್ಗಿನಲ್ಲಿ, ಅಂಚಿನಲ್ಲಿ, ಸುತ್ತ ಜಾಗ ಬಿಟ್ಟು ಇಡುತ್ತಾರೆ. ನಮ್ಮ ದೇಶದಲ್ಲಿ ಈ ಹವ್ಯಾಸಕ್ಕೆ ಕೈಹಾಕುವ ಮೊದಲು ಕಾಯಿದೆಯನ್ನು ತಿಳಿದಿರಬೇಕು: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ಸೇರಿಸಲಾಗಿದೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಅವು ತಮ್ಮಷ್ಟಕ್ಕೆ ಇವೆ, ಅಲ್ಲಿಯೇ ಇರಲಿ.

ಸೊಳ್ಳೆಯ ವಿಷಯವನ್ನು ಬಿಡುವಂತಿಲ್ಲ. ಡೆಂಗೀ ಜ್ವರವನ್ನು ಹರಡುವ ಸೊಳ್ಳೆ ಮನೆಯ ಸುತ್ತಲಿನ ನಿಂತ ನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಬೆಚ್ಚಗಿನ ಕಾಲದಲ್ಲಿ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಒಂದು ವಾರ ಹತ್ತು ದಿನ ಸಾಕು. ತೊಟ್ಟಿಯಲ್ಲಿ ಗಪ್ಪಿ ಮೀನು ಇದ್ದರೆ ಮರಿಹುಳುಗಳನ್ನು ತಿಂದುಹಾಕುತ್ತದೆ. ಆದರೆ ಎಲೆ, ಬೇರು, ಪಾಚಿ ಒತ್ತಾಗಿ ಹೆಣೆದುಕೊಂಡಲ್ಲಿ ಮೀನು ನುಗ್ಗಲಾರದು. ತೆರೆದ ನೀರನ್ನು ಉಳಿಸಿಕೊಳ್ಳಬೇಕೆಂಬುದಕ್ಕೆ ಇದು ಇನ್ನೊಂದು ಕಾರಣ.

ಎಲ್ಲಕ್ಕಿಂತ ಹೆಚ್ಚಾಗಿ ನಾವು ಹೆದರುವುದು ತಾವರೆಗಲ್ಲ, ತಾವರೆಯ ಜೊತೆಯಲ್ಲಿ ಅಗ್ಗವಾಗಿ ಬರುವ ತೇಲುಸಸ್ಯಗಳಿಗೆ. ನಮ್ಮ ಜನ ಎರಡು ಸಸ್ಯಗಳನ್ನು ಒಂದೇ ಹೆಸರಿನಿಂದ ಅಂತರಗಂಗೆಯೆನ್ನುತ್ತಾರೆ. ಒಂದು ಪುಟ್ಟ ಕೋಸಿನಂತಿರುವುದು. ಇನ್ನೊಂದು ಊದಿದ ದಂಟಿನದು, ನಸುನೇರಳೆಯ ಸೊಗಸಾದ ಹೂವಿನದು. ಈ ಎರಡನೆಯದು ದಕ್ಷಿಣ ಅಮೆರಿಕದಿಂದ ಬಂದುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂಗಾಳಕ್ಕೆ ಹೂವಿನ ಚೆಲುವಿಗಾಗಿ ಬಂದು, ಹೊಳೆ ಕೆರೆಗಳನ್ನೆಲ್ಲ ಮುಚ್ಚಿತು. ಅದನ್ನು ನಿರ್ಮೂಲಮಾಡಲು 1936ರಲ್ಲಿ ಅಲ್ಲಿ ಒಂದು ಕಾಯಿದೆಯನ್ನೇ ಮಾಡಬೇಕಾಯಿತು. ಅನುಕೂಲ ಒದಗಿದರೆ ಎರಡು ವಾರದೊಳಗೆ ಅದು ಇಮ್ಮಡಿಯಾಗುತ್ತದೆ. ಒಂದು ಗಿಡ ಹತ್ತು ಸಲ ಇಮ್ಮಡಿಸಿದರೆ ಸಾವಿರ ಮೀರಿತು, ಅದಕ್ಕೆ ಐದು ತಿಂಗಳು ಸಾಕು. ಇವುಗಳ ಬೇರಿಗೆ ಕೊಳವೆ ಚುಚ್ಚಿ ನೀರೊಳಗೇ ಉಸಿರಾಡುವ ಒಂದು ಸೊಳ್ಳೆಯ ಜಾತಿಯೂ ಉಂಟು. ಕೇರಳದ ಚೇರ್ತಲ ಸೀಮೆಯಲ್ಲಿ ಆನೆಕಾಲು ರೋಗವನ್ನು ಹರಡಿದುದು ಆ ಜಾತಿ.

ಹೆಚ್ಚಾಯಿತೆಂದು ಒಂದು ಹಿಡಿ ಕಿತ್ತು ಮನೆಯ ಮುಂದಿನ ಕಾಲುವೆಗೆ ಎಸೆದುಬಿಟ್ಟರೆ? ಹೊಸಪೇಟೆಯ ರಾಯ ಕಾಲುವೆ, ಬಸವಣ್ಣ ಕಾಲುವೆ, ಹಂಪಿಯ ತುರ್ತು ಕಾಲುವೆ ಇವೆಲ್ಲ ವಿಜಯನಗರದರಸರ ಕಾಲದವು, ಇಂದಿಗೂ ಬಾಳೆಗೆ, ಕಬ್ಬಿಗೆ, ಭತ್ತಕ್ಕೆ ನೀರುಣಿಸುವವು. ಸಂಡೂರಿನ ಕಣಿವೆಯ ನೀರು ನಾರಿಹಳ್ಳದಲ್ಲಿ ಕೂಡಿ ದರೋಜಿಯ ಕಡೆಗೆ ಇಳಿಯುತ್ತದೆ. ಹೊಳೆ ಹಂಪಿಯನ್ನು ದಾಟಿ ಕಂಪ್ಲಿಗೆ ಹೋಗುತ್ತದೆ. ಮೇಲಿನ ಊರಿನ ಅಂಗಳದಲ್ಲಿ ಬೇಡವಾದದ್ದು ಕೆಳಗಿನ ಊರಿನ ತೂಬಿನಲ್ಲಿ ಸಿಕ್ಕಿಕೊಳ್ಳುತ್ತದೆ. ತೂಬು ಬಿಡಿಸಲು ಎದೆಮಟ್ಟದ ನೀರಿಗೆ ಇಳಿಯುವವನು ಯಾರದೋ ಮನೆಯ ಕೂಲಿಯಾಳು. ಅವನಿಗೆ ಆ ಹೂವಿನ ಚೆಲುವು ಕಂಡೀತೇ?

ಅಂತರಗಂಗೆಯನ್ನು ಮನೆಗೆ ತರದಿರುವುದೇ ಮೇಲು. ಬಂದಿದ್ದರೆ ಪೂರ್ತಿ ಎತ್ತಿ, ಕಲ್ಲುಚಪ್ಪಡಿಯ ಮೇಲೆ ಗರಿಗರಿಯಾಗಿ ಒಣಗುವವರೆಗೆ ಹರವಿ, ಆಮೇಲೆ ಗೊಬ್ಬರದ ಗುಂಡಿಗೆ ಹಾಕತಕ್ಕದ್ದು. ತಾವರೆಯ ಹೆಚ್ಚಿನ ಗೆಡ್ಡೆಗೂ ಇದೇ ಕ್ರಮ; ಅದನ್ನು ಬಿಡಿಸಿ ಪಾಲುಮಾಡಲು ಮಾಘ ಫಾಲ್ಗುಣ ಮಾಸಗಳು ತಕ್ಕವು, ನೆರೆಯವರು ಕೇಳಿದರೆ ಕುಡಿಯಿರುವ ಒಂದು ತುಂಡನ್ನು ಕೊಡಬಹುದು. ತೊಟ್ಟಿಯನ್ನು ತೊಳೆದ ನೀರನ್ನೂ ಚರಂಡಿಗೆ ಬಿಡದೆ ಬಟ್ಟೆಯಲ್ಲಿ ಸೋಸಿ, ಮೀನುಮರಿಗಳಿದ್ದರೆ ತಿರುಗಿ ತೊಟ್ಟಿಗೇ ಹಾಕಿ, ನೀರನ್ನು ತೆಂಗಿನ ಬುಡಕ್ಕೋ ನಿಂಬೆಯ ಬುಡಕ್ಕೋ ಹೊಯ್ಯಬೇಕು.